ಹಳೆಯ ಚರ್ಚಿನಲ್ಲಿ ನಿಲ್ಲುವ ಮನಸ್ಸು ಕಾಂಕ್ರೀಟಿನ ಚರ್ಚಿನಲ್ಲಿ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ನೇತ್ರಾವತಿ ತೀರ

ನನ್ನ ಬಾಲ್ಯದ ಇಗರ್ಜಿಗೆ ಮುರಕಲ್ಲಿನ ದಪ್ಪ ಗೋಡೆಗಳಿದ್ದವು, ಮರದ ಪಕಾಸುಗಳ ಮೇಲೆ ಹೆಂಚಿನ ಮಾಡು ಇತ್ತು, ಮಳೆಗಾಲದ ಬಲಿಪೂಜೆಯಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಪ್ರಾರ್ಥನೆಯೊಂದಿಗೆ ಬೆರೆಯುತ್ತಿತ್ತು. ಅದನ್ನು ಕೆಡವಿ ಕಾಂಕ್ರೀಟಿನ ದೊಡ್ಡ ಇಗರ್ಜಿ ಕಟ್ಟಿ ಹಲವು ವರ್ಷಗಳಾದವು. ಜನ ಹೆಚ್ಚಿದ್ದರು, ಜಾಗ ಸಾಲುತ್ತಿರಲಿಲ್ಲ ಎಂಬುದು ನಿಜವೇ. ಆದರೆ ಹೊಸ ಕಟ್ಟಡದಲ್ಲಿ ಗುರುಗಳ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ, ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಮೈಸೂರಿಗೆ ಹೋದಾಗಲೆಲ್ಲ ಸಂತ ಫಿಲೋಮಿನಾ ಚರ್ಚಿನಲ್ಲಿ ಒಂದು ಗಂಟೆ ಕುಳಿತು ಬರುತ್ತೇನೆ. 175 ಅಡಿ ಎತ್ತರದ ಅವಳಿ ಗೋಪುರಗಳನ್ನು ದಾಟಿ ಒಳಗೆ ಕಾಲಿಟ್ಟರೆ ಸಾಕು, ಕಂಬಗಳ ಗುಂಟ ದೃಷ್ಟಿ ತಾನಾಗಿ ಮೇಲಕ್ಕೇರುತ್ತದೆ. ನಮ್ಮ ಕಾಲಕ್ಕೆ ಆ ಕಲೆಯೇ ಕಳೆದುಹೋಯಿತೆ, ಅಥವಾ ಹೊಸದನ್ನು ನೋಡುವ ಕಣ್ಣು ನನಗಿಲ್ಲವೆ? ಆಧುನಿಕ ಚರ್ಚೊಂದನ್ನು ಮನಸಾರೆ ಮೆಚ್ಚಿದವರು ಅಲ್ಲಿ ಏನು ಕಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಕಮಾನು

ಹಳೆಯದು, ಹೊಸದು ಎಂಬ ಗೆರೆಯನ್ನು ಮೊದಲು ಸ್ವಲ್ಪ ಅಳಿಸಬೇಕಾಗುತ್ತದೆ. ನೀವು ಮೆಚ್ಚಿದ ಮೈಸೂರಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1923ರಲ್ಲಿ, ಪ್ಯಾರಿಸ್ಸಿನ ಹೊರವಲಯದ ಲ ರೆನ್ಸಿಯಲ್ಲಿ ಓಗ್ಯುಸ್ತ್ ಪೆರೆ ಎಂಬ ವಾಸ್ತುಶಿಲ್ಪಿ ಗಿಲಾವಿನ ಮರೆಯಿಲ್ಲದೆ ಬರಿಯ ಕಾಂಕ್ರೀಟನ್ನೇ ತೋರಿಸುವ ಚರ್ಚೊಂದನ್ನು ಮುಗಿಸಿದ್ದರು. ತೆಳ್ಳಗಿನ ಕಂಬಗಳೇ ಮೇಲಿನ ಭಾರವನ್ನೆಲ್ಲ ಹೊತ್ತದ್ದರಿಂದ ಗೋಡೆಗೆ ಹೊರುವ ಕೆಲಸ ಉಳಿಯಲಿಲ್ಲ. ಅವರು ಇಡೀ ಗೋಡೆಯನ್ನು ಜಾಲಂಧ್ರವಾಗಿಸಿ ಬಣ್ಣದ ಗಾಜು ಕೂರಿಸಿದರು. ಮಧ್ಯಯುಗದ ಯುರೋಪಿನಲ್ಲಿ ಎತ್ತರದ ಗೋಥಿಕ್ ಶೈಲಿಯ ಚರ್ಚುಗಳನ್ನು ಕಟ್ಟಿದ ಕಲ್ಲುಕುಟಿಗರು ಶತಮಾನಗಳ ಕಾಲ ಅರಸಿದ್ದು ಇದನ್ನೇ ಅಲ್ಲವೆ?

ಪೆರೆಯವರ ಕಚೇರಿಯಲ್ಲಿ ಕೆಲಸ ಮಾಡಿದ್ದ, ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಅವರು ಫ್ರಾನ್ಸಿನ ರೋನ್ಶಾಂಪಿನ ಬೆಟ್ಟದ ಮೇಲಿನ ಪ್ರಾರ್ಥನಾಲಯವನ್ನು 1955ರಲ್ಲಿ ಮುಗಿಸಿದಾಗ, ಯುದ್ಧದಲ್ಲಿ ನಾಶವಾದ ಹಿಂದಿನ ಕಟ್ಟಡದ ಕಲ್ಲುಗಳನ್ನು ಹೊಸ ಗೋಡೆಗಳೊಳಗೇ ತುಂಬಿಸಿದ್ದರು. ಅಷ್ಟು ಭಾರವಾಗಿ ಕಾಣುವ ಚಾವಣಿಗೂ ಗೋಡೆಗೂ ನಡುವೆ ಗೇಣಿಗಿಂತ ಕಿರಿದಾದ ಸಂದು ಬಿಟ್ಟಿದ್ದಾರೆ. ಅದರಿಂದ ಬೆಳಕು ಗೆರೆಯಾಗಿ ಒಳಬರುತ್ತದೆ. ನಿಮ್ಮೂರಿನ ಇಗರ್ಜಿಯ ದೋಷ ಕಾಂಕ್ರೀಟಿನದಲ್ಲ. ಬಿಸಿಲು ಯಾವ ಹೊತ್ತಿಗೆ ಎಲ್ಲಿಂದ ಬರುತ್ತದೆ ಎಂದು ನಿಂತು ನೋಡದೆ ಕಿಟಕಿ ಇಟ್ಟಿರಬೇಕು.

ಉತ್ತರ: ಮಿಡ್‌ಲ್ಯಾಂಡ್ಸ್ ಕನ್ನಡಿಗ

ಇಂಗ್ಲೆಂಡಿನ ಕೊವೆಂಟ್ರಿಯ ಹತ್ತಿರ ವಾಸವಾಗಿರುವ ನನಗೆ ಹಳೆಯದನ್ನೂ ಹೊಸದನ್ನೂ ಒಂದೇ ಅಂಗಳದಲ್ಲಿ ನೋಡುವ ಭಾಗ್ಯವಿದೆ. 1940ರ ನವೆಂಬರ್ 14ರ ರಾತ್ರಿಯ ಬಾಂಬ್ ದಾಳಿಯಲ್ಲಿ ಇಲ್ಲಿನ ಮಧ್ಯಯುಗದ ಕ್ಯಾಥೆಡ್ರಲ್ ಸುಟ್ಟುಹೋಯಿತು. ಗೋಪುರವೂ ಹೊರಗೋಡೆಗಳೂ ಉಳಿದವು. ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಅವರು ಆ ಅವಶೇಷವನ್ನು ಕೆಡವದೆ, ಅದಕ್ಕೆ ತಾಗಿಕೊಂಡಂತೆಯೇ, ಕೆಂಪು ಮರಳುಗಲ್ಲಿನಲ್ಲಿ ಹೊಸ ಕ್ಯಾಥೆಡ್ರಲ್ಲನ್ನು ಕಟ್ಟಿದರು. ಅದು 1962ರಲ್ಲಿ ಪ್ರತಿಷ್ಠಾಪನೆಗೊಂಡಿತು.

ಮೊದಲ ಸಲ ಒಳಗೆ ಹೋದಾಗ ನನಗೂ ನಿಮ್ಮಂತೆ ನಿರಾಸೆಯಾಗಿತ್ತು, ಏಕೆಂದರೆ ಎರಡೂ ಕಡೆ ಕಂಡದ್ದು ಬರಿಯ ಕಲ್ಲುಗೋಡೆ. ಬಲಿಪೀಠದವರೆಗೆ ನಡೆದು ಹಿಂತಿರುಗಿ ನೋಡಿದ ಕ್ಷಣ ಮಾತೇ ಹೊರಡಲಿಲ್ಲ. ಗೋಡೆಗಳನ್ನು ಗರಗಸದ ಹಲ್ಲುಗಳಂತೆ ಮಡಿಸಿ, ನೆಲದಿಂದ ಚಾವಣಿಯವರೆಗೆ ಏರುವ ಬಣ್ಣದ ಕಿಟಕಿಗಳನ್ನು ಬಲಿಪೀಠದ ಕಡೆಗೆ ಮುಖಮಾಡಿ ಇಟ್ಟಿರುವುದರಿಂದ, ಅಲ್ಲಿಯವರೆಗೆ ನಡೆದುಬಂದವರಿಗಷ್ಟೇ ಅವು ಪೂರ್ಣವಾಗಿ ಕಾಣಿಸುತ್ತವೆ. ಪ್ರವೇಶದ್ವಾರದ ಕಡೆಯ ಗೋಡೆಯೋ ಪೂರ್ತಿ ಗಾಜಿನದು. ಕಲಾವಿದ ಜಾನ್ ಹಟನ್ ಅವರು ಅದರಲ್ಲಿ ಕೊರೆದ ಸಂತರ, ದೇವದೂತರ ಆಕೃತಿಗಳ ಮೂಲಕ ಹೊರಗಿನ ಸುಟ್ಟ ಗೋಡೆಗಳು ಕಾಣುತ್ತವೆ. ಹೊಸದರೊಳಗೆ ಕುಳಿತವರ ಬೆನ್ನ ಹಿಂದೆ ಹಳೆಯದು ಸದಾ ಇರುತ್ತದೆ. ಇಂಥದ್ದನ್ನು ನಾನು ಬೇರೆಲ್ಲಿಯೂ ಅನುಭವಿಸಿಲ್ಲ.

ಉತ್ತರ: ಕುಡ್ಲದ ಓದುಗ

ಕಮಾನು ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಇಟಲಿಯ, ಜೆಸುವಿಟ್ ಧಾರ್ಮಿಕ ಸಂಘದ ಸಹೋದರ ಆಂಟೊನಿಯೊ ಮೊಸ್ಕೆನಿ ಅವರು 1899ರಿಂದ ಎರಡು ಮೂರು ವರ್ಷ ದುಡಿದು ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅವುಗಳಲ್ಲಿ ಹಲವನ್ನು ಹಸಿ ಗಾರೆಯ ಮೇಲೆ ಬರೆದಿದ್ದಾರೆ. ಈ ಬಗೆಯಲ್ಲಿ ಆ ದಿನ ಬಳಿದಷ್ಟು ಗಾರೆ ಒಣಗುವುದರೊಳಗೆ ಚಿತ್ರ ಮುಗಿಯಬೇಕು. ಆಗ ಬಣ್ಣವು ಸುಣ್ಣದೊಂದಿಗೇ ಗಟ್ಟಿಯಾಗಿ ಗೋಡೆಯ ಭಾಗವಾಗುತ್ತದೆ. ಒಬ್ಬ ಮನುಷ್ಯನ ಕೈ ಪ್ರತಿ ಗೇಣು ಜಾಗವನ್ನೂ ಮುಟ್ಟಿದೆ ಎಂಬ ಅರಿವೇ ಅಲ್ಲಿ ನಮ್ಮನ್ನು ಮೌನಕ್ಕೆ ಒಯ್ಯುತ್ತದೆ. ಬೆಳಕಿನ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಆ ಸ್ಪರ್ಶ ದೊರೆಯುವುದಿಲ್ಲ. ಕೊವೆಂಟ್ರಿಯ ಗಾಜೂ ಕೈಯಿಂದ ಕೊರೆದದ್ದೇ ಎಂಬುದನ್ನು ಗಮನಿಸಿ.

ಮರುಉತ್ತರ: ನೇತ್ರಾವತಿ ತೀರ

ಎಲ್ಲರಿಗೂ ಕೃತಜ್ಞತೆಗಳು. ಫಿಲೋಮಿನಾ ಚರ್ಚು ಲ ರೆನ್ಸಿಯದಕ್ಕಿಂತ ಕಿರಿಯದು ಎಂದು ತಿಳಿದು ನಿಜವಾಗಿಯೂ ಬೆರಗಾದೆ. ನಮ್ಮ ಇಗರ್ಜಿಯ ಪಡುವಣ ಕಿಟಕಿಗಳಲ್ಲಿ ಈಗಲೂ ಬಿಳಿ ಗಾಜೇ ಇದೆ. ಒಂದು ವಾರ ಪ್ರತಿದಿನ ಸಂಜೆ ಅಲ್ಲಿ ಕುಳಿತು, ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡು, ಆಮೇಲೆ ಗುರುಗಳ ಹತ್ತಿರ ಮಾತನಾಡುತ್ತೇನೆ.