ಗ್ದಾನ್ಸ್ಕ್‌ಗೆ ಹೊರಟಿದ್ದೇವೆ: ಊಟ, ನಮಾಜು ಮತ್ತು ಮಂಡಿನೋವಿನ ಯಜಮಾನರು

ಉದಯಗಿರಿ ಟೀಚರ್, ಮೈಸೂರು

ಮಗಳು ಬರ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಈ ವರ್ಷ ನಾವಿಬ್ಬರೂ ಅವಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತೇನೆ ಎಂದು ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಬೇಡ ಎಂದೆ. ಮುಂಜಾನೆ ಬಸ್ಸು ಹತ್ತಿಸಿ, ಮಧ್ಯಾಹ್ನ ಇಳಿಸಿ, ಫೋಟೊ ತೆಗೆಸಿ, ತಲೆ ಎಣಿಸಿ ಮತ್ತೆ ಹತ್ತಿಸುವ ಪ್ರವಾಸಗಳನ್ನು ಶಾಲೆಯ ಮಕ್ಕಳೊಂದಿಗೆ ಬೇಕಾದಷ್ಟು ಮಾಡಿ ನಿವೃತ್ತಳಾಗಿದ್ದೇನೆ. ಒಂದೇ ಊರು, ಒಂದೇ ಕೋಣೆ, ನೀರಿನ ಪಕ್ಕ ಕುಳಿತುಕೊಳ್ಳಲು ಒಂದು ಜಾಗ. ಇಷ್ಟಿದ್ದರೆ ಸಾಕು.

ಪೋಲೆಂಡಿನ ಬಂದರು ಊರು ಗ್ದಾನ್ಸ್ಕ್ ಹೆಸರು ತೆಗೆದವರು ನಮ್ಮ ಯಜಮಾನರು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತ ಕಾರ್ಮಿಕ ಸಂಘದಲ್ಲಿ ಓಡಾಡಿದವರು. 1980ರಲ್ಲಿ ಆ ಊರಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಡೆದ ಮುಷ್ಕರದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಸಂಘದ ಕೊಠಡಿಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದರಂತೆ. ಆ ಮುಷ್ಕರದ ನಾಯಕ ಲೆಕ್ ವಲೆಸಾ ಹೆಸರನ್ನು ಇವತ್ತಿಗೂ ನಮ್ಮ ಬೀಗರ ಕಡೆಯವರ ಹೆಸರಿನಂತೆ ಹೇಳುತ್ತಾರೆ. ಆದರೆ ಅವರಿಗೆ ಮಂಡಿನೋವು. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮುಖ ಬಾಡುತ್ತದೆ.

ನಾವು ಹಲಾಲ್ ಬಿಟ್ಟು ಬೇರೆ ಮಾಂಸ ಮುಟ್ಟುವುದಿಲ್ಲ. ಮೀನು, ಮೊಟ್ಟೆ, ತರಕಾರಿ ಆಗುತ್ತದೆ. ಪೋಲೆಂಡ್ ಎಂದರೆ ಎಲ್ಲದರಲ್ಲೂ ಹಂದಿ ಮಾಂಸ ಎಂದು ಮಗಳ ಸ್ನೇಹಿತರು ಹೆದರಿಸಿದ್ದಾರೆ. ಊಟಕ್ಕೆ ಏನು ಮಾಡುವುದು, ಮಸೀದಿ ಇದೆಯೇ, ಜೂನ್ ಒಳ್ಳೆಯದೇ ಸೆಪ್ಟೆಂಬರ್ ಒಳ್ಳೆಯದೇ, ತಲೆಗೆ ದುಪಟ್ಟಾ ಹಾಕಿಕೊಂಡು ಓಡಾಡಿದರೆ ಜನ ಹೇಗೆ ನೋಡುತ್ತಾರೆ? ಹೋಗಿ ಬಂದವರು ಹೇಳಬೇಕು. ಅಂತರ್ಜಾಲದಲ್ಲಿ ಓದಿದ್ದನ್ನು ನಾನೂ ಓದಬಲ್ಲೆ.

ಮಂಡಿ ಮೊಹಲ್ಲಾದವನು

ಅಸ್ಸಲಾಮು ಅಲೈಕುಂ ಟೀಚರ್. ನಾನು ಕೆಲಸದ ಮೇಲೆ ಆ ಊರಿನಲ್ಲಿ ಕೆಲವು ವರ್ಷ ಇದ್ದವನು. ನಿಮ್ಮ ಕೊನೆಯ ಪ್ರಶ್ನೆಗಳಿಂದ ಆರಂಭಿಸುತ್ತೇನೆ, ಏಕೆಂದರೆ ತಿಂಗಳು ತಪ್ಪಿದರೆ ಉಳಿದುದೆಲ್ಲ ತಪ್ಪುತ್ತದೆ.

ತಿಂಗಳನ್ನು ಹವಾಮಾನ ನೋಡಿ ಆರಿಸಬೇಡಿ, ಇಶಾ, ಅಂದರೆ ರಾತ್ರಿಯ ನಮಾಜಿನ ಹೊತ್ತು ನೋಡಿ ಆರಿಸಿ. ಗ್ದಾನ್ಸ್ಕ್ ಇರುವುದು 54 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮೈಸೂರು 12ರಲ್ಲಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲು ದಾಟಿದ ಮೇಲೆ, ಹುಟ್ಟುವುದು ನಾಲ್ಕರ ಹೊತ್ತಿಗೆ. ನಡುವೆ ಪೂರ್ತಿ ಕತ್ತಲಾಗುವುದೇ ಇಲ್ಲ. ಉತ್ತರದ ದಿಗಂತದಲ್ಲಿ ಬೆಳಕು ರಾತ್ರಿಯಿಡೀ ಸುಳಿದಾಡುತ್ತದೆ. ಹಾಗಾಗಿ ಇಶಾ ಯಾವಾಗ, ನಸುಕಿನ ಫಜ್ರ್ ಯಾವಾಗ ಎಂದು ಒಂದೊಂದು ಆ್ಯಪ್ ಒಂದೊಂದು ಹೇಳುತ್ತದೆ. ಅಲ್ಲಿನ ಮಸೀದಿಯ ವೇಳಾಪಟ್ಟಿಯನ್ನು ಅನುಸರಿಸಬಹುದು, ಆದರೆ ನಡುರಾತ್ರಿಯವರೆಗೆ ಎಚ್ಚರವಿದ್ದು ಮತ್ತೆ ಎರಡು ಮೂರು ಗಂಟೆಗೆ ಏಳುವುದು ವಿಶ್ರಾಂತಿಯ ಪ್ರವಾಸವಾಗುವುದಿಲ್ಲ. ಡಿಸೆಂಬರ್‌ನಲ್ಲಿ ಇದರ ತಿರುವುಮುರುವು: ಮೂರೂವರೆಯೊಳಗೆ ಸೂರ್ಯಾಸ್ತದ ಮಗ್ರಿಬ್ ಬಂದುಬಿಡುತ್ತದೆ, ಮಧ್ಯಾಹ್ನದ ಜುಹರ್ ಮುಗಿಸಿ ಚಹಾ ಕುಡಿಯುವಷ್ಟರಲ್ಲಿ ಇಳಿಹೊತ್ತಿನ ಅಸರ್. ಸೆಪ್ಟೆಂಬರ್ ನಡುವಿನಲ್ಲಿ ಸೂರ್ಯ ಸುಮಾರು ಏಳಕ್ಕೆ ಮುಳುಗುತ್ತಾನೆ, ಒಂಬತ್ತರ ಆಸುಪಾಸಿಗೆ ಇಶಾ. ನಮ್ಮೂರಿನ ದೇಹಕ್ಕೆ ಒಗ್ಗುವ ಲೆಕ್ಕ. ಜೊತೆಗೆ, ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನಡೆಯುವ ಸಂತ ಡೊಮಿನಿಕ್ ಜಾತ್ರೆಯೂ ಅಷ್ಟರಲ್ಲಿ ಮುಗಿದಿರುತ್ತದೆ. 1260ರಿಂದ ಬಂದ ಜಾತ್ರೆ, ನೋಡುವಂಥದ್ದೇ. ಆದರೆ ಆಗ ಹಳೆಯ ಊರಿನಲ್ಲಿ ದಸರಾ ಜನಸಂದಣಿ, ಕೋಣೆಗಳ ಬಾಡಿಗೆಯೂ ಏರಿರುತ್ತದೆ.

ಇನ್ನೊಂದು ವಿಷಯ. ಇಲ್ಲಿ ಪಶ್ಚಿಮಕ್ಕೆ ನಿಂತು ಅಭ್ಯಾಸವಾದ ನಮಗೆ ಅಲ್ಲಿ ಕಿಬ್ಲಾ, ಅಂದರೆ ನಮಾಜಿನ ದಿಕ್ಕು, ಆಗ್ನೇಯಕ್ಕೆ. ಹೋಟೆಲ್ ಕೋಣೆಯಲ್ಲಿ ಕಾಲು ತಾನಾಗಿಯೇ ಪಶ್ಚಿಮಕ್ಕೆ ತಿರುಗುತ್ತದೆ, ಮೊದಲ ದಿನವೇ ದಿಕ್ಕು ಗುರುತು ಮಾಡಿಕೊಳ್ಳಿ. ನೀವು ಹನಫಿ ಪಂಥದವರಾದರೆ, ಹದಿನೈದು ದಿನಕ್ಕಿಂತ ಕಡಿಮೆ ತಂಗುವವರಿಗೆ ಕಸರ್, ಅಂದರೆ ಪ್ರಯಾಣಿಕರ ಮೊಟಕು ನಮಾಜು, ಇದೆ ಎನ್ನುವುದು ನಿಮಗೆ ಗೊತ್ತೇ ಇರುತ್ತದೆ. ಉಳಿದ ಧಾರ್ಮಿಕ ಮಸ್ಲಾಗಳನ್ನು ನಿಮ್ಮ ಮಸೀದಿಯ ಹಜರತರಲ್ಲಿ ಕೇಳಿ, ನಾನು ಫತ್ವಾ ಕೊಡುವವನಲ್ಲ.

ಮಸೀದಿ ಇದೆ. ಓಲಿವಾ ಎಂಬ ಭಾಗದಲ್ಲಿ, ಮಿನಾರಿನೊಂದಿಗೆ. 1984ರಲ್ಲಿ ಕಟ್ಟಲು ಆರಂಭಿಸಿ 1990ರಲ್ಲಿ ಮುಗಿಸಿದ್ದು. ಕಟ್ಟಿದವರು ಹೊಸದಾಗಿ ಬಂದ ವಲಸಿಗರಲ್ಲ, ತಾತಾರರು. ಹದಿನಾಲ್ಕನೆಯ ಶತಮಾನದ ಕೊನೆಯಿಂದ ಲಿಥುವೇನಿಯಾ ಮತ್ತು ಪೋಲೆಂಡಿನ ನೆಲದಲ್ಲಿ ನೆಲೆಸಿ, ಅಲ್ಲಿನ ರಾಜರ ಕುದುರೆ ಪಡೆಗಳಲ್ಲಿ ಕಾದಿದ ಮುಸಲ್ಮಾನರು. 1679ರಲ್ಲಿ ಮೂರನೆಯ ಯಾನ್ ಸೊಬಿಯೆಸ್ಕಿ ಎಂಬ ರಾಜ ಇವರಿಗೆ ಊರುಗಳನ್ನೇ ಉಂಬಳಿ ಕೊಟ್ಟ. ಎರಡನೆಯ ಮಹಾಯುದ್ಧದ ನಂತರ ಗಡಿಗಳು ಬದಲಾದಾಗ ವಿಲ್ನಿಯಸ್ ಕಡೆಯ ಹಲವು ಕುಟುಂಬಗಳು ಗ್ದಾನ್ಸ್ಕ್‌ಗೆ ಬಂದವು. ಓಲಿವಾ ಉದ್ಯಾನದಲ್ಲಿ ಕುದುರೆಯೇರಿದ ತಾತಾರ ಸವಾರನ ಪ್ರತಿಮೆ ಇದೆ, 2010ರಲ್ಲಿ ಆ ದೇಶದ ಅಧ್ಯಕ್ಷರೇ ಅನಾವರಣ ಮಾಡಿದ್ದು. ನಾನು ಮೊದಲ ಬಾರಿ ಅದರ ಮುಂದೆ ನಿಂತಾಗ, ಶ್ರೀರಂಗಪಟ್ಟಣದಲ್ಲಿ ಬೆಳೆದ ನನ್ನ ಅಬ್ಬಾ ಇದನ್ನು ನೋಡಬೇಕಿತ್ತು ಅನಿಸಿತು.

ದುಪಟ್ಟಾ ವಿಷಯ: ನೋಡುತ್ತಾರೆ, ಸುಮ್ಮನಾಗುತ್ತಾರೆ. ನನ್ನ ಹೆಂಡತಿ ಹಿಜಾಬ್ ಹಾಕಿಕೊಂಡೇ ಟ್ರಾಮಿನಲ್ಲಿ ಓಡಾಡುತ್ತಿದ್ದಳು. ಕಹಿ ಘಟನೆಗಳು ಆಗಿಯೇ ಇಲ್ಲ ಎನ್ನಲಾರೆ. 2013ರಲ್ಲಿ ಅದೇ ಮಸೀದಿಯ ಬಾಗಿಲಿಗೆ ಯಾರೋ ಬೆಂಕಿ ಹಚ್ಚಿದ್ದರು. ಆದರೂ ರಾತ್ರಿ ಕುಡುಕರ ಗುಂಪು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವಷ್ಟು ಎಚ್ಚರ ಸಾಕು, ಅದು ಎಲ್ಲ ಊರಿಗೂ ಬೇಕು.

ಬರ್ಲಿನ್‌ನಿಂದ ನೇರ ರೈಲಿದೆ, ಸುಮಾರು ಆರು ಗಂಟೆ. ವಿಮಾನ ಬೇಡ.

ಗಂಜಾಂ ರಸ್ತೆ, ಶ್ರೀರಂಗಪಟ್ಟಣ

ಅಕ್ಕಾ, ಊಟದ ತಲೆನೋವೇ ಬೇಡ. ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟ್ ತೆಗೆದುಕೊಳ್ಳಿ. ಚಿಕ್ಕ ಕುಕ್ಕರ್, ಅಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಹಾಕಿಕೊಂಡು ಹೋಗಿ. ಬರ್ಲಿನ್‌ನಲ್ಲಿ ತುರ್ಕಿ ಅಂಗಡಿಗಳಿವೆ, ಹಲಾಲ್ ಮಾಂಸ ಅಲ್ಲಿಂದಲೇ ಒಯ್ಯಬಹುದು. ಬೆಳಗ್ಗೆ ಅಡುಗೆ ಮಾಡಿಟ್ಟು ಹೊರಟರೆ ಸಂಜೆಯವರೆಗೂ ಚಿಂತೆ ಇಲ್ಲ. ನಾವು ದುಬೈಗೆ ಹೋದಾಗಲೂ ಹೀಗೆಯೇ ಮಾಡಿದೆವು.

ಉದಯಗಿರಿ ಟೀಚರ್

ತಮ್ಮಾ, ನಿಮ್ಮ ಕಾಳಜಿಗೆ ಶುಕ್ರಿಯಾ. ಒಂದೇ ಪ್ರಶ್ನೆ: ದುಬೈಯಲ್ಲಿ ಬೆಳಗ್ಗೆ ಎದ್ದು ಅಡುಗೆ ಮಾಡಿದವರು ನೀವೋ, ಮನೆಯವರೋ? ಮದುವೆಯಾದಾಗಿನಿಂದ ಮೈಸೂರಿನಲ್ಲಿ ಮಾಡುತ್ತಿರುವ ಕೆಲಸವನ್ನು ಸಮುದ್ರದ ದಂಡೆಯಲ್ಲಿ ಮಾಡಲು ನಾನು ಅಷ್ಟು ದೂರ ಹೋಗುತ್ತಿಲ್ಲ. ಬೆಳಗಿನ ಚಹಾ ಕಾಯಿಸಲು ಕೆಟಲ್ ಇದ್ದರೆ ಸಾಕು. ಕುಕ್ಕರ್ ಮೈಸೂರಿನಲ್ಲೇ ಇರುತ್ತದೆ.

ಮಂಡಿ ಮೊಹಲ್ಲಾದವರೇ, ಇಶಾ ವಿಷಯ ನನಗೆ ಹೊಳೆದೇ ಇರಲಿಲ್ಲ. ಸೆಪ್ಟೆಂಬರ್ ಎಂದು ಮಗಳಿಗೆ ಹೇಳಿಬಿಟ್ಟೆ. ಹೋಟೆಲುಗಳಲ್ಲಿ ಏನನ್ನು ತಿನ್ನಬಹುದು, ಏನನ್ನು ಬಿಡಬೇಕು ಎಂದು ಯಾರಾದರೂ ಬಿಡಿಸಿ ಹೇಳಿ.

ಸುಭಾಷ್ ನಗರದ ಸಸ್ಯಾಹಾರಿ, ಮಂಡ್ಯ

ಟೀಚರ್, ನಾವು ಶುದ್ಧ ಸಸ್ಯಾಹಾರಿಗಳು. ಹಾಗಾಗಿ ಆ ಊರಿನ ಅಡುಗೆಯಲ್ಲಿ ಹಂದಿ ಎಲ್ಲೆಲ್ಲಿ ಅಡಗಿರುತ್ತದೆ ಎಂದು ನಿಮ್ಮಷ್ಟೇ ಕಣ್ಣಿಟ್ಟು ಹುಡುಕಿದವಳು ನಾನು. ತಂಗಿಯ ಗಂಡ ಪಕ್ಕದ ಗ್ದಿನಿಯಾ ಬಂದರಿನಲ್ಲಿ ಕೆಲಸದಲ್ಲಿದ್ದಾನೆ.

ಅಲ್ಲಿ ಬಾರ್ ಮ್ಲೆಚ್ನಿ ಎಂಬ ಊಟದ ಮನೆಗಳಿವೆ. ಬಾರ್ ಎಂಬ ಹೆಸರು ನೋಡಿ ಹೆದರಬೇಡಿ, ಹಾಲು ಮೊಸರಿನ ಅಡುಗೆಗೆ ಹೆಸರಾದ ಅಗ್ಗದ ಸ್ವಸಹಾಯ ಹೋಟೆಲುಗಳು ಅವು, ಕಮ್ಯುನಿಸ್ಟರ ಕಾಲದಿಂದ ಉಳಿದುಕೊಂಡಿವೆ. ಮುಖ್ಯ ಬೀದಿ ದ್ವುಗಾದಲ್ಲೇ ಒಂದಿದೆ. ಅಲ್ಲಿ ಪಿಯೆರೊಗಿ ಸಿಗುತ್ತದೆ, ನಮ್ಮ ಕರಿಗಡುಬಿನ ಆಕಾರದ್ದು, ಕರಿಯುವ ಬದಲು ನೀರಿನಲ್ಲಿ ಬೇಯಿಸುತ್ತಾರೆ. ರುಸ್ಕಿಯೆ ಎಂದರೆ ಆಲೂಗಡ್ಡೆ ಮತ್ತು ಗಿಣ್ಣಿನಂಥ ಹಸಿ ಚೀಸ್ ತುಂಬಿದ್ದು. ಎಲೆಕೋಸು ಅಣಬೆಯದೂ ಇದೆ, ನೀಲಿ ಹಣ್ಣಿನ ಸಿಹಿಯದೂ ಇದೆ. ಒಳಗಿನ ಹೂರಣ ಸರಿಯೇ, ತೊಂದರೆ ಇರುವುದು ಮೇಲೆ. ಬಡಿಸುವಾಗ ಹುರಿದ ಹಂದಿ ಕೊಬ್ಬಿನ ಚೂರುಗಳನ್ನು ಉದುರಿಸುತ್ತಾರೆ, ನಮ್ಮಲ್ಲಿ ಕೊತ್ತಂಬರಿ ಉದುರಿಸುವಷ್ಟು ಸಹಜವಾಗಿ. ಅದಕ್ಕೆ ಸ್ಕ್ವಾರ್ಕಿ ಎನ್ನುತ್ತಾರೆ. "ಬೆಜ್ ಸ್ಕ್ವಾರೆಕ್" ಎಂದು ಮೊದಲೇ ಹೇಳಿಬಿಡಿ, ಬೆಣ್ಣೆ ಹಾಕಿ ಕೊಡುತ್ತಾರೆ. ಮಾಂಸದ ಪಿಯೆರೊಗಿಯನ್ನು ಅದೇ ಪಾತ್ರೆಯ ನೀರಿನಲ್ಲಿ ಬೇಯಿಸಿರುವ ಸಾಧ್ಯತೆ ಇದೆ. ಅದು ನಿಮಗೆ ಸರಿಬೀಳದಿದ್ದರೆ ಆಲೂಗಡ್ಡೆಯ ದೋಸೆ ಪ್ಲಾತ್ಸ್ಕಿ ಇದೆ, ಒಳಗೆ ಚೀಸ್ ಇಟ್ಟು ಸುತ್ತಿದ ತೆಳುದೋಸೆ ನಲೆಶ್ನಿಕಿ ಇದೆ. ಪ್ಲಾತ್ಸ್ಕಿಯನ್ನು ಎಣ್ಣೆಯಲ್ಲಿ ಹುರಿದರೇ ಕೊಬ್ಬಿನಲ್ಲೇ ಎಂದು ಕೇಳಿ.

ಸೂಪುಗಳನ್ನು ಬಿಟ್ಟುಬಿಡಿ. ಟೊಮೆಟೊ ಸೂಪು ಎಂದು ಬರೆದಿರುತ್ತಾರೆ, ಒಳಗೆ ಮಾಂಸ ಬೇಯಿಸಿದ ನೀರು. ಬ್ರೆಡ್ಡಿನ ಜೊತೆ ಪುಟ್ಟ ಮಡಕೆಯಲ್ಲಿ ಬಿಳಿಯ ಮುದ್ದೆಯಂಥದ್ದನ್ನು ತಂದಿಟ್ಟರೆ ಬೆಣ್ಣೆ ಎಂದು ಹಚ್ಚಿಕೊಳ್ಳಬೇಡಿ, ಅದು ಹಂದಿ ಕೊಬ್ಬು, ಸ್ಮಾಲೆಟ್ಸ್. ತಣ್ಣಗಿನ ಚೀಸ್‌ಕೇಕ್, ಜೆಲ್ಲಿ ಹಾಕಿದ ಕೇಕುಗಳಲ್ಲಿ ಜೆಲಟಿನ್ ಇರಬಹುದು. ಮೀನಿನ ವಿಷಯ ನನಗೆ ತಿಳಿಯದು, ತಿನ್ನುವವರು ಹೇಳಲಿ.

ಊಟಕ್ಕಿಂತ ದೊಡ್ಡ ಸಮಸ್ಯೆ ಶೌಚಾಲಯ. ನೀರಿನ ನಳಿಕೆ ಇರುವುದಿಲ್ಲ. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಚೊಂಬು ಇರಲಿ. ನಾಚಿಕೆ ಬೇಡ, ನಾನು ಹಸಿರು ಬಣ್ಣದ್ದನ್ನು ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲರೆದುರು ತೆಗೆದು ತೋರಿಸಿ ಹೋಗಿದ್ದೇನೆ.

ಮಂಡಿ ಮೊಹಲ್ಲಾದವನು

ಅಕ್ಕನವರು ಹೇಳಿದ್ದಕ್ಕೆ ಮೀನನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಪ್ರವಾಸ ನಿಲ್ಲುವುದೇ ಅದರ ಮೇಲೆ. ದೋರ್ಶ್ ಎಂದರೆ ಕಾಡ್, ಫ್ಲೊಂದ್ರಾ ಎಂದರೆ ಚಪ್ಪಟೆ ಮೀನು, ಶ್ಲೆಜ್ ಎಂದರೆ ಉಪ್ಪು ಅಥವಾ ಎಣ್ಣೆಯಲ್ಲಿಟ್ಟ ಹೆರಿಂಗ್. ಹೆರಿಂಗ್ ನಮ್ಮ ನಾಲಗೆಗೆ ಒಗ್ಗುವುದು ಕಷ್ಟ, ಒಮ್ಮೆ ರುಚಿ ನೋಡಿ ಯಜಮಾನರಿಗೆ ದಾಟಿಸಿ. ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದಿದ್ದರೆ ಹಿಟ್ಟಿಗೆ ಬಿಯರ್ ಹಾಕಿದ್ದಾರೆಯೇ ಎಂದು ಕೇಳಿ. ಸುಟ್ಟದ್ದನ್ನು ಕೇಳಿದರೆ ಆ ಗೊಂದಲವೇ ಇಲ್ಲ. ಕಬಾಬ್ ಅಂಗಡಿಗಳು ಮೂಲೆಮೂಲೆಯಲ್ಲಿವೆ, ಆದರೆ ಕಬಾಬ್ ಎಂದ ಮಾತ್ರಕ್ಕೆ ಹಲಾಲ್ ಅಲ್ಲ. ಕೆಲವರು ಪ್ರಮಾಣಪತ್ರ ತೋರಿಸುತ್ತಾರೆ, ಕೆಲವರು ಭುಜ ಹಾರಿಸುತ್ತಾರೆ. ಭುಜ ಹಾರಿಸಿದವರಲ್ಲಿ ನಾನು ತಿನ್ನಲಿಲ್ಲ. ಭಾನುವಾರ ಹೆಚ್ಚಿನ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ, ಹಣ್ಣು ಮೊಸರು ಶನಿವಾರವೇ ತಂದಿಡಿ.

ಈಗ ಯಜಮಾನರ ಪಾಲು. ಹಳೆಯ ಊರು 1945ರಲ್ಲಿ ಬಹುಪಾಲು ಸುಟ್ಟು ನೆಲಸಮವಾಗಿತ್ತು. ಈಗ ಕಾಣುವ ಬಣ್ಣದ ಮನೆಗಳ ಸಾಲನ್ನು ಯುದ್ಧದ ನಂತರ ಮತ್ತೆ ಕಟ್ಟಿದ್ದು. ಸಂತ ಮೇರಿ ಚರ್ಚಿನ ಗೋಪುರಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು, ಅದರ ಹೆಸರನ್ನೇ ಎತ್ತಬೇಡಿ. ಮೊತ್ವಾವಾ ನದಿಯ ದಂಡೆ ಸಮತಟ್ಟು, ಬೆಂಚುಗಳಿವೆ. ಅಲ್ಲಿಯೇ 1440ರ ದಶಕದ ಮರದ ಕ್ರೇನ್ ನಿಂತಿದೆ. ಒಳಗೆ ಆಳೆತ್ತರ ಮೀರಿದ ಚಕ್ರಗಳು, ಅವುಗಳೊಳಗೆ ಮನುಷ್ಯರು ನಡೆದು ನಡೆದು ಹಡಗಿನ ಸರಕನ್ನು ಮೇಲೆತ್ತುತ್ತಿದ್ದರು. ಅದೂ ಯುದ್ಧದಲ್ಲಿ ಸುಟ್ಟು ಮತ್ತೆ ಕಟ್ಟಿದ್ದೇ.

ಹಡಗು ಕಟ್ಟುವ ಕಾರ್ಖಾನೆಗೆ ಟ್ಯಾಕ್ಸಿಯಲ್ಲಿ ಹೋಗಿ. ಎರಡನೆಯ ನಂಬರಿನ ಗೇಟು, ಅದರ ಎದುರು 1970ರಲ್ಲಿ ಗುಂಡಿಗೆ ಬಲಿಯಾದ ಕಾರ್ಮಿಕರ ನೆನಪಿಗೆ ನಿಲ್ಲಿಸಿದ ಮೂರು ಎತ್ತರದ ಶಿಲುಬೆಗಳು. ಪಕ್ಕದಲ್ಲಿ, ಆ ಮುಷ್ಕರದಿಂದ ಹುಟ್ಟಿದ ಕಾರ್ಮಿಕ ಸಂಘದ ಹೆಸರಿನಲ್ಲಿ 2014ರಲ್ಲಿ ತೆರೆದ ಸಾಲಿಡಾರಿಟಿ ಕೇಂದ್ರ, ಲಿಫ್ಟ್ ಇದೆ. ಮುಷ್ಕರದ ಇಪ್ಪತ್ತೊಂದು ಬೇಡಿಕೆಗಳನ್ನು ಬರೆದು ಗೇಟಿಗೆ ನೇತುಹಾಕಿದ್ದ ಪ್ಲೈವುಡ್ ಹಲಗೆಗಳು ಅಲ್ಲಿವೆ. ಮೊದಲನೆಯ ಬೇಡಿಕೆ ಸಂಬಳದ್ದಲ್ಲ, ಸ್ವತಂತ್ರ ಕಾರ್ಮಿಕ ಸಂಘದ್ದು. ಟೀಚರ್, ನಿಮಗೂ ಒಂದು ಮಾತು: 1980ರ ಆಗಸ್ಟ್ 14ರಂದು ಮುಷ್ಕರ ಹೊತ್ತಿದ್ದು ಅನ್ನಾ ವಲೆಂಟಿನೊವಿಚ್ ಎಂಬ ಕ್ರೇನ್ ನಡೆಸುವ ಹೆಂಗಸನ್ನು ಕೆಲಸದಿಂದ ತೆಗೆದುಹಾಕಿದ್ದಕ್ಕೆ. ವಲೆಸಾ ಹೆಸರು ಬಂದಾಗಲೆಲ್ಲ ಯಜಮಾನರಿಗೆ ಇದನ್ನು ನೆನಪಿಸಿ.

ಪರಿಚಿತರಿಗೆ ಕೊಡಲು ಚಾಕೊಲೇಟ್ ಕೊಳ್ಳುವಾಗ ಒಳಗೆ ಮದ್ಯ ತುಂಬಿದೆಯೇ ನೋಡಿಕೊಳ್ಳಿ.

ವೀಸಾ ವಿಚಾರದವನು, ಕುವೆಂಪು ನಗರ

ಚಿಕ್ಕದಾಗಿ: ಹೆಚ್ಚು ದಿನ ಜರ್ಮನಿಯಲ್ಲಿ ಇರುವುದರಿಂದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಅರ್ಜಿಯನ್ನು ಜರ್ಮನಿಗೇ ಹಾಕಬೇಕು, ಪೋಲೆಂಡಿಗೆ ಬೇರೆ ವೀಸಾ ಬೇಡ. ಗ್ದಾನ್ಸ್ಕ್ ಹೋಟೆಲ್ ಮತ್ತು ರೈಲನ್ನು ಪ್ರವಾಸದ ಪಟ್ಟಿಯಲ್ಲಿ ತೋರಿಸಿ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಲಿ. ಶುಲ್ಕ ತಲೆಗೆ 90 ಯೂರೊ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಸೆಪ್ಟೆಂಬರ್ ಎಂದಾದರೆ ಬೇಸಿಗೆಯ ನೂಕುನುಗ್ಗಲಿಗೆ ಮೊದಲೇ ಹಾಕಿ. ರೈಲಿನಲ್ಲಿ ಗಡಿಯ ಬಳಿ ಪಾಸ್‌ಪೋರ್ಟ್ ಕೇಳಬಹುದು, ಪೆಟ್ಟಿಗೆಯ ತಳದಲ್ಲಿ ಹೂಳಬೇಡಿ.

ಉದಯಗಿರಿ ಟೀಚರ್

ಎಲ್ಲರಿಗೂ ಶುಕ್ರಿಯಾ. ಅನ್ನಾ ವಿಷಯವನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಯಜಮಾನರು "ಅದು ನನಗೆ ಗೊತ್ತಿತ್ತು" ಎಂದರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ, ಅದು ಬೇರೆ ಮಾತು.

ಇನ್ನೊಂದೇ ಪ್ರಶ್ನೆ. ಶುಕ್ರವಾರದ ಜುಮಾ ನಮಾಜಿಗೆ ಓಲಿವಾ ಮಸೀದಿಗೆ ಹೋದರೆ ನನಗೂ ಜಾಗ ಇರುತ್ತದೆಯೇ? ಇಲ್ಲವಾದರೆ ಅವರು ಬರುವವರೆಗೆ ನಾನೆಲ್ಲಿ ಕೂರಲಿ?

ಮಂಡಿ ಮೊಹಲ್ಲಾದವನು

ಹಿಂದಿನ ದಿನ ಮಸೀದಿಗೆ ಮಗಳಿಂದ ಫೋನ್ ಮಾಡಿಸಿ, ಹೆಂಗಸರ ಜಾಗವನ್ನೂ ಖುತ್ಬಾ ಪ್ರವಚನದ ಹೊತ್ತನ್ನೂ ಒಟ್ಟಿಗೆ ಕೇಳಿಕೊಳ್ಳಿ. ಬೇರೆ ಹೊತ್ತಿನಲ್ಲಿ ಬಾಗಿಲು ಯಾವಾಗಲೂ ತೆರೆದಿರುವುದಿಲ್ಲ, ಆದ್ದರಿಂದ ಫೋನ್ ಮಾಡದೆ ಹೋಗಬೇಡಿ. ನಗರದ ಮುಖ್ಯ ನಿಲ್ದಾಣದಿಂದ ಓಲಿವಾಗೆ ಲೋಕಲ್ ರೈಲು ಇದೆ, ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯಿರಿ. ಕೂರಲು ಓಲಿವಾ ಉದ್ಯಾನವಿದೆ, ಕೊಳ, ಸಾಲುಮರ, ಬೆಂಚುಗಳು, ಪ್ರವೇಶಕ್ಕೆ ದುಡ್ಡಿಲ್ಲ. ಚರ್ಚಿನೊಳಗೆ ಹೋಗಲು ಅಭ್ಯಂತರವಿಲ್ಲದಿದ್ದರೆ, ಪಕ್ಕದ ಕೆಥೆಡ್ರಲ್‌ನಲ್ಲಿ ಹದಿನೆಂಟನೆಯ ಶತಮಾನದ ದೊಡ್ಡ ಆರ್ಗನ್ ವಾದ್ಯವನ್ನು ನುಡಿಸುತ್ತಾರೆ. ಅದರ ಮೇಲಿನ ಮರದ ದೇವದೂತರು ತುತ್ತೂರಿ ಎತ್ತಿ ಅಲುಗಾಡುತ್ತವೆ. ವೇಳೆಯನ್ನು ಬಾಗಿಲಲ್ಲಿ ಹಾಕಿರುತ್ತಾರೆ.

ಸುಭಾಷ್ ನಗರದ ಸಸ್ಯಾಹಾರಿ, ಮಂಡ್ಯ

ಛತ್ರಿ ಬೇಡ, ಸಮುದ್ರದ ಗಾಳಿಗೆ ಮೊದಲ ದಿನವೇ ಮುರಿಯುತ್ತದೆ. ತಲೆಗವುಸಿರುವ ಜಾಕೆಟ್ ಇಬ್ಬರಿಗೂ ತೆಗೆದುಕೊಳ್ಳಿ, ಬರ್ಲಿನ್‌ನಲ್ಲಿ ಕೊಂಡರೂ ಆಯಿತು. ಚೊಂಬನ್ನು ಮಾತ್ರ ಇಲ್ಲಿಂದಲೇ ಒಯ್ಯಿರಿ.