ಮೊಟ್ಟೆ ಟ್ರೇ ಬೇಡ, ತೂತಿನ ಪುಸ್ತಕ ಮಾಡಿಸಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗ್ರೂಪಿನಲ್ಲಿ ಕೇಳಿದ್ರಲ್ಲ, ಅಮೆರಿಕದ ಎರಿಕ್ ಕಾರ್ಲ್ ಅವರ ಮಕ್ಕಳ ಚಿತ್ರಪುಸ್ತಕ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಓದಿ ಹೇಳ್ತಿದ್ದೀವಿ, 25 ಮಕ್ಕಳು, ಮೂರರಿಂದ ಆರು ವರ್ಷ, ಮೊಟ್ಟೆ ಟ್ರೇ ಕತ್ತರಿಸಿ ಹಸಿರು ಬಳಿಸಿ ಹುಳು ಮಾಡಿಸೋಣ್ವಾ ಅಂತ. ಹೋದ ಸಲ ಕಾಗದಕ್ಕೆ ಬಣ್ಣ ಹಚ್ಚಿ ಅಂಟಿಸೋಕೆ ಹೋದಾಗ ಎಲ್ಲಾ ಒದ್ದೆಯಾಗಿ ಹರಿದುಹೋಯ್ತು ಅಂತಾನೂ ಬರೆದಿದ್ರಿ. ಅಳತೆಗಳು ಜಾಸ್ತಿ ಇವೆ, ಪೆನ್ನು ಇಟ್ಕೊಂಡು ಕೇಳಿ.

ಮೊದಲನೇದು, ಮೊಟ್ಟೆ ಟ್ರೇ ಬಿಡಿ. ಆ ರಟ್ಟು ಬಣ್ಣ ಕುಡಿದುಬಿಡುತ್ತೆ, ಎರಡು ಸಲ ಬಳಿದ್ರೂ ಬೂದು ಬಣ್ಣ ಇಣುಕ್ತಾನೇ ಇರುತ್ತೆ, ಒಣಗೋಕೆ ಅರ್ಧ ದಿನ. ಮೊಟ್ಟೆ ಒಡೆದು ಸೋರಿದ ಟ್ರೇನ ತೊಳೆಯೋಕೂ ಆಗಲ್ಲ, ಚಿಕ್ಕ ಮಕ್ಕಳ ಕೈಗೆ ಅದನ್ನ ಕೊಡಬಾರದು. ಅದಕ್ಕಿಂತ ದೊಡ್ಡ ಕಾರಣ ಅಂದ್ರೆ, ಆ ಹುಳುವಿನಲ್ಲಿ ಪುಸ್ತಕದ ಜೀವಾಳವೇ ಇರಲ್ಲ. ಹಸಿದ ಹುಳು ದಿನಕ್ಕೊಂದು ಥರದ ಹಣ್ಣು ಕೊರೆದು ತಿಂದು ಕೊನೆಗೆ ಚಿಟ್ಟೆಯಾಗೋ ಕಥೆ ಇದು, ಅದು ತಿಂದ ಕಡೆಯೆಲ್ಲಾ ಪುಟದಲ್ಲಿ ನಿಜವಾದ ತೂತು ಇರುತ್ತೆ. ಈ ಪುಸ್ತಕ ಬಂದಿದ್ದು 1969ರಲ್ಲಿ. ಕಾರ್ಲ್ ಪಂಚಿಂಗ್ ಮಷೀನಿನಲ್ಲಿ ಕಾಗದದ ಕಟ್ಟಿಗೆ ತೂತು ಹೊಡೀತಿದ್ದಾಗ, ಪುಸ್ತಕ ಕೊರೆಯೋ ಹುಳು ಒಂದರ ಕಥೆ ಹೊಳೀತು. ಸಂಪಾದಕಿ ಹೇಳಿದ ಮೇಲೆ ಅದು ಚಿಟ್ಟೆಯಾಗೋ ಹುಳು ಆಯ್ತು. ಅಂದ್ರೆ ತೂತು ಮೊದಲು, ಹುಳು ಆಮೇಲೆ. ಮಕ್ಕಳು ಪುಸ್ತಕ ಕೈಗೆ ಸಿಕ್ಕ ತಕ್ಷಣ ಏನು ಮಾಡ್ತಾರೆ ನೋಡಿ: ತೂತಿಗೆ ಬೆರಳು ಹಾಕ್ತಾರೆ. ಹಾಗಾಗಿ ನಾವು ಮಾಡಿಸೋ ಕೆಲಸದಲ್ಲೂ ತೂತು ಇರಬೇಕು, ಅದರೊಳಗೆ ಏನಾದ್ರೂ ಹಾದುಹೋಗಬೇಕು, ಮಗು ಅದನ್ನ ಕೈಯಲ್ಲಿಟ್ಕೊಂಡು ಕಥೆ ತಾನೇ ಹೇಳೋ ಹಾಗಿರಬೇಕು. ಗೋಡೆಗೆ ನೇತುಹಾಕೋ ಹುಳು ಆ ಕೆಲಸ ಮಾಡಲ್ಲ.

ಅದಕ್ಕೆ ಮೆಟ್ಟಿಲು ಪುಸ್ತಕ ಮಾಡಿಸಿ. ಮೂಲ ಪುಸ್ತಕದಲ್ಲಿ ಸೋಮವಾರದ ಪುಟ ಸಣ್ಣದು, ಮಂಗಳವಾರದ್ದು ಸ್ವಲ್ಪ ಅಗಲ, ಹೀಗೆ ಶುಕ್ರವಾರದ ತನಕ ಅಗಲ ಆಗ್ತಾ ಹೋಗುತ್ತೆ. ಸೋಮವಾರ ಒಂದು ಹಣ್ಣು, ಶುಕ್ರವಾರ ಐದು. ನಿಮಗೆ ಇದರಿಂದ ಒಂದು ಅನುಕೂಲ ಇದೆ. ಐದೈದು ಮಕ್ಕಳ ಗುಂಪು ಮಾಡಿ, ಗುಂಪಿಗೊಂದು ಪುಸ್ತಕ. ಮೂರು ವರ್ಷದ ಮಗುವಿಗೆ ಸೋಮವಾರದ ಪುಟ, ಒಂದೇ ಹಣ್ಣು. ಆರು ವರ್ಷದವರಿಗೆ ಶುಕ್ರವಾರ, ಐದು ಹಣ್ಣು. ವಯಸ್ಸಿಗೆ ತಕ್ಕ ಕೆಲಸ ತಾನಾಗೇ ಹಂಚಿಹೋಗುತ್ತೆ, ಚಿಕ್ಕವರ ಕೆಲಸವನ್ನ ದೊಡ್ಡೋರು ಮುಗಿಸಿಕೊಡೋ ಪ್ರಮೇಯ ಬರಲ್ಲ. ಪ್ರತಿ ಮಗುವಿಗೂ ಒಂದೊಂದು ಪುಸ್ತಕ ಅಂತ ಹೊರಟ್ರೆ 375 ಹಣ್ಣು ಕತ್ತರಿಸಬೇಕಾಗುತ್ತೆ. ಕೊನೆಗೆ ಟೀಚರ್‌ಗಳೇ ಕೂತು ಕತ್ತರಿಸ್ತಾರೆ. ಐದು ಪುಸ್ತಕಕ್ಕೆ 75 ಸಾಕು.

ಅಳತೆ ಬರ್ಕೊಳ್ಳಿ. 200ರಿಂದ 250 ಜಿಎಸ್‌ಎಂ ಕಾರ್ಡ್‌ಶೀಟ್, ಎ4 ಸೈಜು, ಪುಸ್ತಕಕ್ಕೆ ಎರಡು ಹಾಳೆ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ, ಹೆಚ್ಚಿದಷ್ಟೂ ಕಾಗದ ದಪ್ಪ. ಒಂದೊಂದು ಹಾಳೆಯನ್ನೂ ಉದ್ದುದ್ದಕ್ಕೆ ಸೀಳಿ, 29.7 ಸೆಂಟಿಮೀಟರ್ ಉದ್ದ, 10.5 ಎತ್ತರದ ನಾಲ್ಕು ಪಟ್ಟಿ ಸಿಗುತ್ತೆ. ಸೋಮವಾರ 6.5 ಸೆಂಟಿಮೀಟರ್ ಅಗಲ, ಮಂಗಳವಾರ 11, ಬುಧವಾರ 15.5, ಗುರುವಾರ 20, ಶುಕ್ರವಾರ 24.5. ಎಡಗಡೆ 2 ಸೆಂಟಿಮೀಟರ್ ಹೊಲಿಗೆಗೆ, ಆಮೇಲೆ ಹಣ್ಣಿಗೆ ತಲಾ ನಾಲ್ಕೂವರೆ, ಲೆಕ್ಕ ಅಷ್ಟೇ. ಸೋಮವಾರ ಮತ್ತು ಗುರುವಾರ ಒಂದೇ ಪಟ್ಟಿಯಲ್ಲಿ ಬರುತ್ತೆ, ಮಂಗಳವಾರ ಮತ್ತು ಬುಧವಾರ ಇನ್ನೊಂದರಲ್ಲಿ. ಮೂರನೇ ಪಟ್ಟಿ ಶುಕ್ರವಾರಕ್ಕೆ, ನಾಲ್ಕನೇದು ಹಿಂದಿನ ರಟ್ಟಿಗೆ, ಅದೂ 24.5. ಆ ಕೊನೇ ಹಾಳೆಯೇ ಶನಿವಾರ ಆಗುತ್ತೆ, ಹೇಳ್ತೀನಿ.

ಈಗ ಬಣ್ಣದ ಕಾಗದ. ಕಾರ್ಲ್ ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಹಚ್ಚಿ, ಒಣಗಿಸಿ, ಕತ್ತರಿಸಿ ಅಂಟಿಸ್ತಿದ್ರು. ಅದನ್ನ ನೋಡಿ ಅಂಗಡಿಯಿಂದ ಗಾಳಿಪಟದ ತೆಳು ಕಾಗದ ತರಬೇಡಿ. ಒದ್ದೆಯಾದ ತಕ್ಷಣ ಅದರ ಬಣ್ಣ ಬಿಡುತ್ತೆ, ಕುಂಚ ಎರಡನೇ ಸಲ ಎಳೆದ್ರೆ ಹರಿಯುತ್ತೆ. ಮಾಮೂಲಿ ಜೆರಾಕ್ಸ್ ಕಾಗದ, 75 ಜಿಎಸ್‌ಎಂ, ಸಾಕು. ಮಗುವಿಗೆ ಅರ್ಧ ಹಾಳೆ, ಒಟ್ಟು 13 ಹಾಳೆ. ಪೋಸ್ಟರ್ ಕಲರ್ ದೋಸೆ ಹಿಟ್ಟಿನ ಹದದಲ್ಲಿರಲಿ, ನೀರು ಸೇರಿಸೋದೇ ಬೇಡ. ಮೇಜಿನ ಮೇಲೆ ನೀರಿನ ಬಟ್ಟಲು ಇಟ್ರೆ ಮಕ್ಕಳು ಕುಂಚ ಅದ್ದೇ ಅದ್ದುತ್ತಾರೆ, ಅದಕ್ಕೆ ನೀರೇ ಇಡಬೇಡಿ. ಒಂದೊಂದು ಬಣ್ಣಕ್ಕೆ ಒಂದೊಂದು ಕುಂಚ ಕೊಡಿ. ಒಂದು ಹಾಳೆಗೆ ಹತ್ತಿರದ ಎರಡು ಬಣ್ಣ ಮಾತ್ರ: ಕೆಂಪು-ಕಿತ್ತಳೆ, ಹಳದಿ-ಹಸಿರು, ನೀಲಿ-ನೇರಳೆ. ಕೆಂಪಿಗೆ ಹಸಿರು ಬಿದ್ರೆ ಕೆಸರು ಬಣ್ಣ ಬರುತ್ತೆ, ಮಕ್ಕಳಿಗೆ ಬೇಜಾರಾಗುತ್ತೆ. ಬಣ್ಣ ಹಸಿ ಇದ್ದಾಗಲೇ ಹಳೇ ಬಾಚಣಿಗೆ, ಟೂತ್‌ಬ್ರಷ್, ಫೋರ್ಕ್ ಕೊಟ್ಟು ಗೆರೆ ಎಳೆಸಿ. ಬಾಚಣಿಗೆಯ ಗೆರೆ ಬಿದ್ದ ಕಾಗದವನ್ನ ಹಣ್ಣಿನ ಆಕಾರಕ್ಕೆ ಕತ್ತರಿಸಿದಾಗ ಅದೇ ಗೆರೆ ಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತೆ, ಅದನ್ನ ನೋಡಿದ ಮಗು ಇನ್ನೊಂದು ಹಾಳೆ ಕೇಳದೇ ಇರಲ್ಲ.

ನಿಮ್ಮದು ಹರಿದುಹೋಗಿದ್ದು ಯಾಕೆ ಅಂದ್ರೆ ಬಣ್ಣ ಹಚ್ಚೋದು, ಅಂಟಿಸೋದು ಎರಡೂ ಒಂದೇ ದಿನ ಆಯ್ತು. ಒದ್ದೆ ಕಾಗದಕ್ಕೆ ಶಕ್ತಿ ಇರಲ್ಲ. ಇನ್ನೊಂದು ವಿಷಯ, ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಕಿದ್ರೆ ಮತ್ತೆ ಕರಗುತ್ತೆ. ಅದಕ್ಕೇ ಅಂಟು ಯಾವತ್ತೂ ಹಣ್ಣಿನ ಹಿಂಬದಿಗೆ, ತೆಳ್ಳಗೆ. ಮೇಲಿಂದ ಹೊಳಪಿಗೆ ಅಂತ ಅಂಟು ಸವರಿದ್ರೆ ಬಣ್ಣ ಕಿತ್ಕೊಂಡು ಬರುತ್ತೆ. ಅಕ್ರಿಲಿಕ್ ಆದ್ರೆ ಈ ತೊಂದರೆ ಇಲ್ಲ, ಆದ್ರೆ ಅದು ಬಟ್ಟೆ ಮೇಲೆ ಒಣಗಿದ್ರೆ ಹೋಗಲ್ಲ, ಬೆಲೆನೂ ಜಾಸ್ತಿ. ಬಣ್ಣ ಹಚ್ಚಿದ ಹಾಳೆಗಳು ಒಣಗ್ತಾ ಸುರುಳಿ ಆಗ್ತಾವೆ. ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ, ಚಪ್ಪಟೆ ಆಗುತ್ತೆ.

ಅಂಟಿಗೆ ಫೆವಿಕಾಲ್ ಬೇಕೇ ಬೇಕು ಅಂತಿಲ್ಲ, ಮೈದಾ ಅಂಟು ಚೆನ್ನಾಗಿ ಹಿಡಿಯುತ್ತೆ. ಎರಡು ದೊಡ್ಡ ಚಮಚ ಮೈದಾಗೆ ಕಾಲು ಲೋಟ ತಣ್ಣೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ. ಮುಕ್ಕಾಲು ಲೋಟ ನೀರು ಕುದಿಯೋಕೆ ಇಟ್ಟು, ಕುದಿ ಬಂದಾಗ ಇದನ್ನ ಸುರಿದು, ಸಣ್ಣ ಉರಿಯಲ್ಲಿ ಮೂರು-ನಾಲ್ಕು ನಿಮಿಷ ಕೈ ಬಿಡದೆ ತಿರುವಿ. ಹಿಟ್ಟಿನ ಬಿಳುಪು ಹೋಗಿ ಮಂಕಾಗಿ ಪಾರದರ್ಶಕ ಆದ್ರೆ ಆಯ್ತು. ಹಿಟ್ಟನ್ನ ನೇರವಾಗಿ ಬಿಸಿನೀರಿಗೆ ಹಾಕಿದ್ರೆ ಮೇಲೆ ಬೆಂದು ಒಳಗೆ ಹಸಿ ಉಳಿದು ಗಂಟಾಗುತ್ತೆ, ಅಂಥ ಅಂಟು ಒಣಗಿದ ಮೇಲೆ ಉದುರುತ್ತೆ. ಹಳಬರು ಹುಳ ಬರಬಾರದು ಅಂತ ಇದಕ್ಕೆ ಮೈಲುತುತ್ತ ಹಾಕ್ತಿದ್ರು. ಅದು ವಿಷ, ಮಕ್ಕಳ ಅಂಟಿಗೆ ಖಂಡಿತ ಬೇಡ. ಚಿಟಿಕೆ ಉಪ್ಪು ಹಾಕಿ ಫ್ರಿಜ್ಜಲ್ಲಿಟ್ರೆ ಮೂರು ದಿನಕ್ಕೆ ಮೋಸ ಇಲ್ಲ, ಹುಳಿ ವಾಸನೆ ಬಂದ್ರೆ ಚೆಲ್ಲಿ. ಗೋಧಿ ಅಲರ್ಜಿ ಇರೋ ಮಗು ಇದೆಯಾ ಅಂತ ಮೊದಲೇ ಕೇಳ್ಕೊಳ್ಳಿ. ಇದ್ರೆ ಕಾರ್ನ್‌ಫ್ಲೋರ್‌ನಲ್ಲಿ ಹೀಗೇ ಮಾಡಬಹುದು.

ಕತ್ತರಿಸೋದು. ಮೂರು ವರ್ಷದವರು ಕೈಯಲ್ಲೇ ಹರಿಯಲಿ. ಕಾಗದ ಒಂದು ಕಡೆಗೆ ನೇರವಾಗಿ ಹರಿಯುತ್ತೆ, ಅಡ್ಡ ಕಡೆಗೆ ಸೊಟ್ಟ ಹೋಗುತ್ತೆ, ಅದು ಕಾಗದದ ನಾರಿನ ಗುಣ; ಸೊಟ್ಟ ಹೋಗ್ತಿದ್ರೆ ಹಾಳೆ ತಿರುಗಿಸಿ ಕೊಡಿ. ನಾಲ್ಕು ವರ್ಷದವರಿಗೆ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಕೊಡಿ, ಅಡ್ಡಡ್ಡ ಕಚಕ್ ಅಂತ ಕತ್ತರಿಸಿ ಚೌಕ ಮಾಡ್ಲಿ, ಮೂಲೆಗಳನ್ನ ಒಂದೊಂದೇ ತೆಗೆದ್ರೆ ಹಣ್ಣು. ಐದರ ಮೇಲಿನವರು ನಾಲ್ಕು ಸೆಂಟಿಮೀಟರ್ ಬಾಯಿಯ ಡಬ್ಬಿ ಮುಚ್ಚಳ ಇಟ್ಟು ಗೆರೆ ಎಳೆದು ಕತ್ತರಿಸಲಿ. ಕತ್ತರಿ ಹಿಡಿದ ಕೈಯ ಹೆಬ್ಬೆರಳು ಮೇಲಕ್ಕೆ, ತಿರುಗಬೇಕಾದ್ದು ಕಾಗದ, ಕತ್ತರಿ ಅಲ್ಲ. ಎಡಗೈ ಮಕ್ಕಳಿಗೆ ಮಾಮೂಲಿ ಕತ್ತರಿಯಲ್ಲಿ ಕಾಗದ ಎರಡು ಅಲಗಿನ ನಡುವೆ ಮಡಚಿಕೊಳ್ಳುತ್ತೆ, ಗೆರೆನೂ ಕಾಣಲ್ಲ. ಅದು ಮಗುವಿನ ತಪ್ಪಲ್ಲ, ಎಡಗೈ ಕತ್ತರಿ ತರಿಸಿಡಿ.

ಹಣ್ಣು ಯಾವುದು ಅನ್ನೋದನ್ನ ಮಕ್ಕಳಿಗೇ ಬಿಡಿ. ಪುಸ್ತಕದಲ್ಲಿ ಸೇಬು, ಪೇರ್, ಪ್ಲಮ್, ಸ್ಟ್ರಾಬೆರಿ, ಕಿತ್ತಳೆ ಇದೆ, ಓದುವಾಗ ಹಾಗೇ ಓದಿ. ಆದ್ರೆ ಅವರ ಪುಸ್ತಕದಲ್ಲಿ ಎರಡು ಸೀಬೆ, ಮೂರು ನೇರಳೆ, ನಾಲ್ಕು ಮಾವು ಬಂದ್ರೆ ಬಹಳ ಒಳ್ಳೇದು. ಸಂಖ್ಯೆ ಮತ್ತೆ ವಾರ ಬದಲಾಗದೇ ಇದ್ರೆ ಸಾಕು. ಹಿಂದಿನ ಹಾಳೆಯಲ್ಲಿ ಶನಿವಾರದ ಹತ್ತು ತಿಂಡಿ, ಚಕ್ಕುಲಿ, ಒಬ್ಬಟ್ಟು, ಕೋಡುಬಳೆ, ಅವರಿಗೆ ಇಷ್ಟವಾದದ್ದನ್ನ ಕ್ರೇಯಾನಲ್ಲಿ ಬರೀಲಿ. ಅಂಟಿಸೋ ಗೋಜು ಬೇಡ.

ತೂತು ಹೊಡೆಯೋದ್ರಲ್ಲೇ ಹೆಚ್ಚು ಎಡವಟ್ಟಾಗೋದು. ಆಫೀಸಿನ ಪಂಚ್ 6 ಮಿಲಿಮೀಟರ್ ತೂತು ಮಾಡುತ್ತೆ, ಆದ್ರೆ ಅಂಚಿನಿಂದ 12 ಮಿಲಿಮೀಟರ್ ಒಳಗಷ್ಟೇ ಎಟುಕುತ್ತೆ. ಹಣ್ಣನ್ನ ಪುಟದ ಮಧ್ಯಕ್ಕೆ ಅಂಟಿಸಿದ್ರೆ ಮುಗೀತು, ಪಂಚ್ ಮುಟ್ಟಲ್ಲ. ಹಾಗಾಗಿ ಹಣ್ಣಿನ ಕೆಳಗಿನ ಅಂಚು ಪುಟದ ಕೆಳಗಿನ ಅಂಚಿಗೆ ತಾಕೋ ಹಾಗೆ ಅಂಟಿಸಿ, ತೂತು ಹಣ್ಣಿನ ಕೆಳಭಾಗದಲ್ಲಿ ಸರಿಯಾಗಿ ಬೀಳುತ್ತೆ. ಒಂದೇ ತೂತಿನ ಇಕ್ಕಳದಂಥ ಪಂಚ್ ತಗೊಳ್ಳಿ. ಎರಡು ತೂತಿನದಾದ್ರೆ 8 ಸೆಂಟಿಮೀಟರ್ ಆಚೆ ಬೇಡದ ಇನ್ನೊಂದು ತೂತು ಬೀಳುತ್ತೆ. ಅಂಟು ಪೂರ್ತಿ ಒಣಗಿದ ಮೇಲೇ ಹೊಡೀರಿ, ಹಸಿ ಕಾರ್ಡ್ ಸರಿಯಾಗಿ ಕತ್ತರಿಸದೆ ಪಿಸಿಯುತ್ತೆ. ಕಾರ್ಡ್ ಗಟ್ಟಿ, ಮಕ್ಕಳ ಕೈಗೆ ಬಗ್ಗಲ್ಲ, ಇದು ದೊಡ್ಡವರ ಕೆಲಸ. ಎಲ್ಲಾ ಪುಟದ ತೂತೂ ಒಂದರ ಮೇಲೊಂದು ಕೂರಬೇಕಾದ್ರೆ ಎಡ ಅಂಚಿನಿಂದ 4.25, 8.75, 13.25, 17.75, 22.25 ಸೆಂಟಿಮೀಟರಿಗೆ ಗುರುತು ಹಾಕಿದ ಒಂದು ಪಟ್ಟಿ ಮಾಡಿಟ್ಕೊಳ್ಳಿ, ಪ್ರತಿ ಪುಟಕ್ಕೂ ಅದನ್ನೇ ಇಟ್ಟು ಪೆನ್ಸಿಲ್ ಚುಕ್ಕಿ ಹಾಕಿ.

ಪುಟಗಳನ್ನ ಎಡ ಅಂಚಿಗೆ ಸೇರಿಸಿ, ಎರಡು ತೂತು ಮಾಡಿ ದಾರ ಕಟ್ಟಿ. ಸ್ಟೇಪ್ಲರ್ ಬೇಡ, ಪಿನ್ನು ಬೆರಳಿಗೆ ಚುಚ್ಚುತ್ತೆ. ಅದೇ ದಾರಕ್ಕೆ 45 ಸೆಂಟಿಮೀಟರ್ ಉದ್ದದ ಹಸಿರು ಶೂ ಲೇಸ್ ಒಂದನ್ನ ಕಟ್ಟಿ, ಅದೇ ಹುಳು. ಲೇಸಿನ ತುದಿ ಗಟ್ಟಿ ಇರೋದ್ರಿಂದ ತೂತಿಗೆ ಸುಲಭವಾಗಿ ನುಗ್ಗುತ್ತೆ. ಉಲ್ಲನ್ ದಾರ ಆದ್ರೆ ತುದಿಗೆ ಸೆಲ್ಲೋ ಟೇಪ್ ಬಿಗಿಯಾಗಿ ಸುತ್ತಿ. ಇದಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತೆ, ಕುತ್ತಿಗೆಗೂ ಸುತ್ತಿಕೊಳ್ಳಬಹುದು. ಮಗು ‘ಸೋಮವಾರ ಒಂದು ಸೇಬು ತಿಂತು’ ಅಂತ ಹೇಳ್ತಾ ಲೇಸ್ ತೂರಿಸಿ ಎಳೆದು, ಪುಟ ತಿರುಗಿಸಿ ಮುಂದಕ್ಕೆ ಹೋಗುತ್ತೆ. ಶುಕ್ರವಾರ ಮುಗಿಯೋ ಹೊತ್ತಿಗೆ 15 ತೂತು ಎಣಿಸಿರುತ್ತೆ.

ಲೇಸ್ ಪೋಣಿಸೋಕೆ ಬಾರದ ಚಿಕ್ಕವರಿಗೆ ಕಾಲುಚೀಲ. ಮಗುವಿನ ಕೈಗೆ ಹಸಿರು ಕಾಲುಚೀಲ ಹಾಕಿ, ರಟ್ಟಿನ ಪೆಟ್ಟಿಗೆಯಿಂದ 14 ಸೆಂಟಿಮೀಟರ್ ಅಗಲದ ಹಣ್ಣು ಕತ್ತರಿಸಿ ನಡುವೆ 8 ಸೆಂಟಿಮೀಟರ್ ತೂತು ಮಾಡಿ, ಒಳ ಅಂಚಿಗೆ ಟೇಪ್ ಹಚ್ಚಿ. ಹುಳು ಹಣ್ಣು ತಿಂದ ಹಾಗೆ ಕೈ ಹಾದು ಹೋಗಿ ಹಣ್ಣು ತೋಳಿನ ಮೇಲೆ ಕೂರುತ್ತೆ. ಕಣ್ಣಿಗೆ ಗುಂಡಿ, ಮಣಿ ಬೇಡ, ಕಿತ್ತು ಬಾಯಿಗೆ ಹಾಕ್ತಾರೆ, ದಾರದಲ್ಲಿ ಹೊಲಿದುಬಿಡಿ.

ಚಿಟ್ಟೆಗೆ ಹಾಳೆ ಮೊದಲು ಮಡಚಿ, ಬಿಚ್ಚಿ, ಒಂದೇ ಬದಿಗೆ ನಾಲ್ಕೈದು ಹನಿ ಬಣ್ಣ, ಮತ್ತೆ ಮಡಚಿ ಮಡಿಕೆಯಿಂದ ಹೊರಕ್ಕೆ ಒತ್ತಿ, ತಕ್ಷಣ ಬಿಚ್ಚಿ. ಅಷ್ಟೇ.

ಗೂಡಿನ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಿಕೊಡಿ. ಪುಸ್ತಕದಲ್ಲಿ ಹುಳು ಗೂಡು ಕಟ್ಟಿ ಒಳಗೆ ಕೂರುತ್ತೆ. ಹಾಗೆ ನೂಲು ಸುತ್ತಿ ಗೂಡು ಕಟ್ಟೋದು ನಮ್ಮ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರೋ ರೇಷ್ಮೆ ಹುಳು, ಅದರಿಂದ ಬರೋದು ಪತಂಗ. ನಿಂಬೆ, ಕರಿಬೇವಿನ ಗಿಡದಲ್ಲಿ ಸಿಗೋ ಚಿಟ್ಟೆಯ ಹುಳು ಗೂಡು ಕಟ್ಟಲ್ಲ. ಒಂದು ಎಳೆ ನೂಲಿನಿಂದ ತನ್ನನ್ನ ಕಡ್ಡಿಗೆ ಬಿಗಿದುಕೊಂಡು ಚರ್ಮ ಕಳಚಿ ಕೋಶ ಆಗುತ್ತೆ. ಆ ಹುಳು ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಥರ ಇರುತ್ತೆ, ಆಮೇಲೆ ಹಸಿರು. ಸಿಕ್ಕಿದ್ರೆ ಕೊಂಬೆ ಸಮೇತ ತಂದು ಸೊಳ್ಳೆ ಪರದೆ ಕಟ್ಟಿದ ಎತ್ತರದ ಪೆಟ್ಟಿಗೆಯಲ್ಲಿಡಿ. ಕೊಂಬೆ ಇಟ್ಟ ನೀರಿನ ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ರೆ ಹುಳು ಜಾರಿ ಮುಳುಗುತ್ತೆ. ಮಾರುಕಟ್ಟೆಯ ಕರಿಬೇವು ಹಾಕಬೇಡಿ, ಔಷಧಿ ಹೊಡೆದಿರ್ತಾರೆ. ಕೋಶ ಆದ ಮೇಲೆ ಜಾಗ ಬದಲಿಸಬೇಡಿ. ಹೊರಬಂದ ಚಿಟ್ಟೆ ರೆಕ್ಕೆ ಇಳಿಬಿಟ್ಟು ಒಣಗಿಸಿಕೊಳ್ಳೋಕೆ ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಯಾರೂ ಮುಟ್ಟಬಾರದು. ಮೈತುಂಬಾ ರೋಮ ಇರೋ ಕಂಬಳಿಹುಳು ಮಾತ್ರ ತರಲೇಬೇಡಿ, ತುರಿಕೆ, ದದ್ದು ಆಗುತ್ತೆ.

ಇನ್ನೊಂದು ಮಾತು. ಕಾರ್ಲ್ ಅವರ ಪುಸ್ತಕದ ಪುಟಗಳನ್ನ ಜೆರಾಕ್ಸ್ ಮಾಡಿ ಹಂಚಬೇಡಿ, ಹಕ್ಕುಸ್ವಾಮ್ಯ ಇದೆ. ಮಕ್ಕಳ ಕೈಗೆ ಚಿತ್ರ ಕೊಟ್ಟು ಕತ್ತರಿಸಿ ಕ್ರಮವಾಗಿ ಜೋಡಿಸೋ ಚಟುವಟಿಕೆ ಬೇಕು ಅಂದ್ರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, 2015ರಿಂದ. ಕನ್ನಡದ ಚಿತ್ರಪುಸ್ತಕಗಳು ಉಚಿತ, ಮುಕ್ತ ಪರವಾನಗಿ, ಪ್ರಿಂಟ್ ಹಾಕಿ ಹಂಚಬಹುದು. ಬರೆದವರು, ಚಿತ್ರ ಬರೆದವರ ಹೆಸರು ಹಾಳೆ ಮೇಲೆ ಇರಲಿ.

ದಿನಗಳನ್ನ ಹೀಗೆ ಹಂಚ್ಕೊಳ್ಳಿ. ಮೊದಲ ದಿನ ಬರೀ ಓದು, ನಡುವೆ ಪ್ರಶ್ನೆ ಕೇಳಬೇಡಿ, ಎರಡು ಸಲ ಓದಿ. ಎರಡನೇ ದಿನ ಓದು, ಬಣ್ಣ. ಮೂರನೇ ದಿನ ಕತ್ತರಿಸಿ ಅಂಟಿಸೋದು, ಸಂಜೆ ನೀವು ತೂತು ಹೊಡೆದು ಕಟ್ಟಿಡಿ. ನಾಲ್ಕನೇ ದಿನ ಪುಸ್ತಕ ಅವರ ಕೈಗೆ. ಅಂಟನ್ನ ಎರಡನೇ ದಿನ ರಾತ್ರಿಯೇ ಕಾಯಿಸಿಡಿ, ಬೆಳಿಗ್ಗೆ ಮಾಡಿದ್ರೆ ಒಳಗೆ ಬಿಸಿ ಉಳಿದಿರುತ್ತೆ, ಮಕ್ಕಳು ನೇರ ಬೆರಳು ಅದ್ದುತ್ತಾರೆ.