ಮುಟ್ಟು ಏರುಪೇರಾಯ್ತು, ಕೀಲುಗಳೂ ಹಿಡಿದುಕೊಂಡವು: ಓದುಗರ ಸ್ಪಂದನ

ಸಮಸ್ಯೆ: ನನಗೆ 46 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ಹತ್ತು ದಿನವಾದರೂ ನಿಲ್ಲುವುದಿಲ್ಲ. ಆವಾಗಿನಿಂದಲೇ ಕೈಬೆರಳು, ಮಂಡಿ, ಬಲಭುಜ ನೋಯುತ್ತಿವೆ. ಬೆಳಿಗ್ಗೆ ಎದ್ದಾಗ ಕತ್ತರಿ ಹಿಡಿಯೋಣ ಅಂದರೆ ಬೆರಳು ಮಡಚುವುದೇ ಇಲ್ಲ. ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಅಂದರು. 'ವಯಸ್ಸಾಯ್ತಲ್ವಾ' ಅಂತ ಕ್ಯಾಲ್ಸಿಯಂ ಮಾತ್ರೆ, ನೋವಿನ ಮಾತ್ರೆ ಬರೆದುಕೊಟ್ಟರು. ಅತ್ತೆ 'ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ' ಅನ್ನುತ್ತಾರೆ. ಇದು ಮುಟ್ಟು ನಿಲ್ಲುವುದಕ್ಕೆ ಸಂಬಂಧಪಟ್ಟಿದ್ದಾ, ಬೇರೆ ಕಾಯಿಲೆಯಾ? ಹೊಲಿಗೆ ಬಿಟ್ಟರೆ ಸಂಸಾರ ನಡೆಯುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

*

ತಂಗಿ, ಸಂಬಂಧ ಇದೆ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಈಸ್ಟ್ರೋಜನ್ ಹಾರ್ಮೋನು ಒಂದು ತಿಂಗಳು ಏರಿ, ಇನ್ನೊಂದು ತಿಂಗಳು ಕುಸಿದು, ಕೊನೆಗೆ ಇಳಿದೇಬಿಡುತ್ತದೆ. ಅದು ಗರ್ಭಕೋಶದ ವಿಷಯ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಮೂಳೆ, ಮಾಂಸಖಂಡ, ಕೀಲಿನ ಸುತ್ತಲಿನ ಪೊರೆ ಎಲ್ಲಕ್ಕೂ ಅದು ಬೇಕು, ಊತ ಜಾಸ್ತಿಯಾಗದ ಹಾಗೆ ನೋಡಿಕೊಳ್ಳುವುದರಲ್ಲೂ ಅದರ ಪಾಲಿದೆ. 2024ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಈ ನೋವುಗಳಿಗೆಲ್ಲ ಸೇರಿಸಿ 'ಮಸ್ಕ್ಯುಲೋಸ್ಕೆಲಿಟಲ್ ಸಿಂಡ್ರೋಮ್ ಆಫ್ ಮೆನೋಪಾಸ್', ಅಂದರೆ ಮುಟ್ಟು ನಿಲ್ಲುವ ಹಂತದ ಮೂಳೆ-ಮಾಂಸಖಂಡದ ತೊಂದರೆಗಳು, ಅಂತ ಒಂದು ಹೆಸರೇ ಇಟ್ಟಿದ್ದಾರೆ. ಈ ಹಂತದಲ್ಲಿ ನೂರರಲ್ಲಿ 70ಕ್ಕಿಂತ ಜಾಸ್ತಿ ಹೆಂಗಸರಿಗೆ ಮೈಕೈ, ಕೀಲು ನೋವು ಬರುತ್ತದಂತೆ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ.

ವಯಸ್ಸಿನ ಮಾತಿಗೆ ಬಂದರೆ, ಪಶ್ಚಿಮ ದೇಶಗಳಲ್ಲಿ ಮುಟ್ಟು ನಿಲ್ಲುವುದು ಸರಾಸರಿ 51ಕ್ಕೆ, ನಮ್ಮಲ್ಲಿ 46-47ಕ್ಕೇ. ಹಾಗಾಗಿ ನಿಮ್ಮದು ಸರಿಯಾದ ವಯಸ್ಸೇ, ಮುದಿ ವಯಸ್ಸಲ್ಲ.

ನನಗೆ ಶುರುವಾಗಿದ್ದು ಭುಜದಲ್ಲಿ. ಬೋರ್ಡಿನ ಮೇಲ್ಭಾಗಕ್ಕೆ ಕೈ ಎತ್ತಲು ಆಗದೆ ಕೆಳಗರ್ಧದಲ್ಲೇ ಬರೆಯುತ್ತಿದ್ದೆ, ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡಿಕೊಳ್ಳುತ್ತಿದ್ದರು. ರಾತ್ರಿ ಮೈ ಬೆವರಿ ಎಚ್ಚರವಾಗುತ್ತಿತ್ತು, ಆಮೇಲೆ ನಿದ್ದೆ ಇಲ್ಲ. ನಿದ್ದೆಗೆಟ್ಟ ಮಾರನೇ ದಿನ ನೋವು ಎರಡರಷ್ಟು. ಇದನ್ನು ಯಾಕೆ ಹೇಳಿದೆ ಅಂದರೆ, ಡಾಕ್ಟರ ಹತ್ತಿರ ಹೋದಾಗ ಕೀಲು ನೋವು ಮಾತ್ರ ಹೇಳಬೇಡಿ. ಮುಟ್ಟು, ಬೆವರು, ನಿದ್ದೆ, ಸಿಟ್ಟು ಎಲ್ಲ ಒಟ್ಟಿಗೆ ಹೇಳಿ. ಮೂಳೆ ಡಾಕ್ಟರು ಮುಟ್ಟು ಕೇಳುವುದಿಲ್ಲ, ಹೆಂಗಸರ ಡಾಕ್ಟರು ಮಂಡಿ ಕೇಳುವುದಿಲ್ಲ, ಮಧ್ಯೆ ನಾವು ಓಡಾಡಿಕೊಂಡಿರುತ್ತೇವೆ.

ಇನ್ನು ನಿಮ್ಮ ಅತ್ತೆ. ಅವರ ಕಾಲದಲ್ಲೂ ಇತ್ತು. ಸಂಜೆ ಜಗಲಿಯಲ್ಲಿ ಕಾಲು ಚಾಚಿಕೊಂಡು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದವರು ಯಾರು ಅಂತ ಕೇಳಿ ನೋಡಿ.

*ಶಾಲಾ ಶಿಕ್ಷಕಿ, ಹಾಸನ*

*

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದು ಈಗ ನಿವೃತ್ತಳು. ಮೇಲೆ ಮೇಡಂ ಬರೆದದ್ದು ಸರಿ. ಆದರೆ ಒಂದು ವಿಷಯಕ್ಕೆ ನನಗೆ ಹೆದರಿಕೆ. ಈಗ ಎಲ್ಲದಕ್ಕೂ 'ಮೆನೋಪಾಸ್' ಅಂದುಬಿಡುವುದೂ ಶುರುವಾಗಿದೆ, 'ವಯಸ್ಸಾಯ್ತು' ಅಂದ ಹಾಗೆಯೇ. ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಆ ಮಾತು.

ಬೆಳಿಗ್ಗೆ ಬೆರಳು ಹಿಡಿದುಕೊಳ್ಳುವುದು ಎಷ್ಟು ಹೊತ್ತು? ಹತ್ತು ಹದಿನೈದು ನಿಮಿಷ ಕೈಯಾಡಿಸಿದರೆ ಸಡಿಲವಾದರೆ ಅಷ್ಟು ಗಾಬರಿ ಬೇಡ. ಮುಕ್ಕಾಲು ಗಂಟೆ, ಒಂದು ಗಂಟೆ ಆದರೂ ಬಿಡದಿದ್ದರೆ, ಎರಡೂ ಕೈಗಳ ಬೆರಳ ಗೆಣ್ಣು ಊದಿ ಬಿಸಿಯಾಗಿದ್ದರೆ, ಅದು ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ) ಇರಬಹುದು. ಅದೂ ಹೆಂಗಸರಿಗೇ ಜಾಸ್ತಿ, ಇದೇ ವಯಸ್ಸಿನಲ್ಲೂ ಬರುತ್ತದೆ. ತಡಮಾಡಿದರೆ ಕೀಲು ಹಾಳಾಗುತ್ತದೆ, ಬೇಗ ಹಿಡಿದರೆ ಒಳ್ಳೆಯ ಔಷಧಿ ಇದೆ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಅಂತ ರಕ್ತ ಪರೀಕ್ಷೆ ಬರೆಯುತ್ತಾರೆ. ಜೊತೆಗೆ ಥೈರಾಯ್ಡ್, ಸಕ್ಕರೆ, ವಿಟಮಿನ್ ಡಿ ನೋಡಿಸಿ. ಥೈರಾಯ್ಡ್ ಕಮ್ಮಿಯಾದರೂ ಹೀಗೇ ಮೈಯೆಲ್ಲ ನೋವು, ಮುಟ್ಟೂ ಏರುಪೇರು.

ನಿಮ್ಮ ಪತ್ರದಲ್ಲಿ ನನಗೆ ಕೀಲಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು 'ಹತ್ತು ದಿನ ನಿಲ್ಲುವುದಿಲ್ಲ' ಅನ್ನುವುದು. ಈ ವಯಸ್ಸಿನಲ್ಲಿ ಹೀಗೇ ಅಂತ ಬಿಡಬೇಡಿ. ಹಿಮೋಗ್ಲೋಬಿನ್ ನೋಡಿಸಿ, ಗರ್ಭಕೋಶದ ಒಂದು ಸ್ಕ್ಯಾನ್ ಮಾಡಿಸಿ. ರಕ್ತ ಕಮ್ಮಿಯಾದರೆ ಸುಸ್ತಿಗೇ ಅರ್ಧ ನೋವು. ಪೂರ್ತಿ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಚುಕ್ಕೆ ಕಂಡರೂ ಡಾಕ್ಟರಿಗೆ ತೋರಿಸಬೇಕು.

ಹಾರ್ಮೋನು ಮಾತ್ರೆಯ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ, ನಾನೇ ಹೇಳಿಬಿಡುತ್ತೇನೆ. ರಾತ್ರಿ ಬೆವರು, ಮೈ ಬಿಸಿಯೇರುವುದು, ನಿದ್ದೆಗೇಡು ಇದ್ದವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವರಿಗೆ ಕೀಲು ನೋವೂ ಸ್ವಲ್ಪ ಇಳಿಯುತ್ತದೆ. ಕೀಲು ನೋವಿಗೆ ಅಂತಲೇ ಕೊಡುವ ಔಷಧಿ ಅದಲ್ಲ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಾರಣ ಗೊತ್ತಿಲ್ಲದೆ ರಕ್ತಸ್ರಾವ ಆಗುತ್ತಿರುವವರಿಗೆ ಕೊಡುವುದಿಲ್ಲ. ನಿಮ್ಮ ಸ್ರಾವಕ್ಕೆ ಕಾರಣ ಗೊತ್ತಾಗುವವರೆಗೆ ಆ ಮಾತೇ ಬೇಡ.

*ನಿವೃತ್ತ ವೈದ್ಯೆ, ಚಿತ್ರದುರ್ಗ ಜಿಲ್ಲೆ*

*

ಚಿಕೂನ್‌ಗುನ್ಯ ಬಂದಿತ್ತಾ ಅಂತ ನೆನಪು ಮಾಡಿಕೊಳ್ಳಿ ಅಕ್ಕ. 2006ರಲ್ಲಿ ನಮ್ಮ ಕಡೆ ಊರಿಗೆ ಊರೇ ಮಲಗಿತ್ತು. ಜ್ವರ ವಾರದಲ್ಲಿ ಹೋಯಿತು, ಗೆಣ್ಣು ನೋವು ತಿಂಗಳುಗಟ್ಟಲೆ ಹೋಗಲಿಲ್ಲ. ಒಂದೆರಡು ವರ್ಷದೊಳಗೆ ಅಂಥ ಜ್ವರ ಬಂದಿದ್ದರೆ ಡಾಕ್ಟರಿಗೆ ಹೇಳಿ.

*ಓದುಗ, ದಾವಣಗೆರೆ*

*

ಅಕ್ಕಾರೆ, ನಾನು ಫಿಸಿಯೋಥೆರಪಿಸ್ಟ್. ದಿನಾ ನಿಮ್ಮಂಥವರನ್ನೇ ನೋಡುತ್ತೇನೆ, ಅದರಲ್ಲಿ ಟೈಲರ್‌ಗಳೂ ಇರುತ್ತಾರೆ. ಮೊದಲು ಭುಜದ ವಿಷಯ. ನಿಮ್ಮದೇ ಬ್ಲೌಸಿನ ಹಿಂದಿನ ಹುಕ್ಕು ನೀವೇ ಹಾಕಿಕೊಳ್ಳಲು ಆಗುತ್ತದಾ? ಬಲಗೈ ಎತ್ತಿ ಜಡೆ ಹೆಣೆದುಕೊಳ್ಳಲು ಆಗುತ್ತದಾ? ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿ, ಆಗಲೂ ಒಂದು ಮಟ್ಟಕ್ಕೆ ಬಂದು ಗಕ್ಕನೆ ನಿಲ್ಲುತ್ತದಾ? ಹಾಗಿದ್ದರೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡಿರುವುದು, ಇರಬಹುದು. 40ರಿಂದ 60ರ ಒಳಗೆ ಬರುವುದು, ಹೆಂಗಸರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ಹೆಚ್ಚಿನವರಿಗೆ ತನ್ನಷ್ಟಕ್ಕೆ ಬಿಡುತ್ತದೆ, ಆದರೆ ಒಂದು ವರ್ಷ, ಎರಡು ವರ್ಷವೂ ಹಿಡಿಯಬಹುದು. ನೋವು ಜೋರಾಗಿರುವಾಗ ಪಕ್ಕದ ಮನೆಯವರು ಹೇಳಿದರು ಅಂತ ಕೈ ಎಳೆಸಿಕೊಳ್ಳಬೇಡಿ. ಈ ಎಳೆಸಿಕೊಂಡು ಬರುವವರದೇ ನನಗೆ ದೊಡ್ಡ ತಲೆನೋವು.

ಈಗ ಮುಖ್ಯದ್ದು. ಹಾರ್ಮೋನು ಇಳಿದಾಗ ಮಾಂಸಖಂಡವೂ ಕರಗುತ್ತದೆ. ತೊಡೆಯ ಮುಂಭಾಗ ಸೊರಗಿದರೆ ಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. 'ದಿನಾ ವಾಕಿಂಗ್ ಮಾಡುತ್ತೇನಲ್ಲ ಸರ್' ಅಂತಾರೆ. ವಾಕಿಂಗ್ ಒಳ್ಳೆಯದೇ, ಸಾಕಾಗುವುದಿಲ್ಲ. ಮಾಂಸಖಂಡಕ್ಕೆ ಭಾರ ಬೀಳಬೇಕು. ಜಿಮ್ ಏನೂ ಬೇಡ. ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಊರದೆ ಎದ್ದು ನಿಂತು, ನಿಧಾನಕ್ಕೆ ಮತ್ತೆ ಕೂರಿ. ಧೊಪ್ಪನೆ ಕೂರಬಾರದು, ಇಳಿಯುವಾಗಲೇ ತೊಡೆಗೆ ಕೆಲಸ. ಆರೇಳು ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಮ್ಮೆ. ಆಗದಿದ್ದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಎರಡೂ ಅಂಗೈ ಊರಿ ಮೊಣಕೈ ಮಡಚಿ ಮುಂದೆ ಬಾಗಿ ತಳ್ಳಿ, ಇದನ್ನು ಮಾತ್ರ ಭುಜದ ನೋವು ತಡೆಯುವಷ್ಟೇ. ವಾರಕ್ಕೆ ಮೂರು ದಿನ ಸಾಕು, ದಿನಾ ಬೇಡ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆಗೂ ನೋವು ಏರಿಯೇ ಇದ್ದರೆ ಮುಂದಿನ ಸಲ ಅರ್ಧ ಮಾಡಿ. ನಿಲ್ಲಿಸಬೇಡಿ. ಎರಡು ವಾರದಲ್ಲಿ ಏನೂ ಗೊತ್ತಾಗುವುದಿಲ್ಲ, ಎರಡು ಮೂರು ತಿಂಗಳು ಬೇಕು. ಹೆಚ್ಚಿನವರು ಕೈಬಿಡುವುದು ಅದಕ್ಕೆ ಮೊದಲೇ.

ತೂಕ ಜಾಸ್ತಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕೆಜಿಯಷ್ಟು ಹೊರೆ ಇಳಿಯುತ್ತದೆ. ಹಾಗಂತ ಊಟ ಬಿಟ್ಟು ತೂಕ ಇಳಿಸಬೇಡಿ, ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು, ಇವು ತಟ್ಟೆಯಲ್ಲಿ ಇರಲಿ. ಬರೀ ಅನ್ನ ತಿಳಿಸಾರಿನಲ್ಲಿ ಮಾಂಸಖಂಡ ಕಟ್ಟುವುದಿಲ್ಲ.

*ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ*

*

ಎಲ್ಲರೂ ವ್ಯಾಯಾಮ, ಪರೀಕ್ಷೆ ಅಂತಿದ್ದಾರೆ, ನಮ್ಮ ಅಡುಗೆಮನೆಯನ್ನು ಮರೆತೇಬಿಟ್ಟರಲ್ಲ. ರಾಗಿ ತಿನ್ನಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಿಮ್ಮ ತುಮಕೂರು ಸೀಮೆಯವರಿಗೆ ಮುದ್ದೆ ತಿನ್ನಿ ಅಂತ ಹೇಳಿಕೊಡಬೇಕಾ! ಕರಿ ಎಳ್ಳಿನ ಚಟ್ನಿಪುಡಿ ಮಾಡಿಟ್ಟುಕೊಳ್ಳಿ. ಮುಟ್ಟು ನಿಂತ ಮೇಲೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ, ಅಷ್ಟೂ ಮಾತ್ರೆಯಿಂದಲೇ ಬರಬೇಕು ಅಂತೇನಿಲ್ಲ. ರಾತ್ರಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿ, ಬಿಸಿನೀರಿನ ಕಾವು ಕೊಡಿ. ಎಣ್ಣೆಯಿಂದ ಸವೆದ ಕೀಲು ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಆ ರಾತ್ರಿ ನಿದ್ದೆ ಬರುತ್ತದೆ, ಅದೇನು ಕಮ್ಮಿಯಾ?

ಒಂದೇ ಎಚ್ಚರಿಕೆ. ಸಂತೆಯಲ್ಲಿ, ಮನೆ ಬಾಗಿಲಿಗೆ ಬಂದು ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ ಬೇಡ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು. ನಮ್ಮ ಅತ್ತಿಗೆಗೆ ಮುಖ ಊದಿ ಸಕ್ಕರೆ ಏರಿದ ಮೇಲೆ ಗೊತ್ತಾಯಿತು.

*ಗೃಹಿಣಿ, ಶಿರಸಿ*

*

ಕ್ಯಾಲ್ಸಿಯಂ ಮೂಳೆಗೆ ಬೇಕು ಸರಿ, ಅದರಿಂದ ಕೀಲು ನೋವು ಹೋಗುತ್ತದೆ ಅಂತ ಕಾಯಬೇಡಿ. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ವಿಟಮಿನ್ ಡಿ 60,000 ಯೂನಿಟ್ಟಿನ ಸ್ಯಾಶೆ ವಾರಕ್ಕೊಂದರಂತೆ ಕೆಲವು ವಾರಕ್ಕೆ ಬರೆದಿರುತ್ತಾರೆ. ಜನ ಹಳೇ ಚೀಟಿ ತಂದು ವರ್ಷಗಟ್ಟಲೆ ಒಯ್ಯುತ್ತಾರೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ನೋವಿನ ಮಾತ್ರೆಯೂ ಅಷ್ಟೇ, ಖಾಲಿ ಹೊಟ್ಟೆಯಲ್ಲಿ ಬೇಡ, ಬಿಪಿ ಇದ್ದವರು ಕೇಳದೆ ತಗೊಳ್ಳಬೇಡಿ. ಕೆಲವು ಬೆರಳಿಗೆ ಮಾತ್ರ ನೋವಾದರೆ ಹಚ್ಚುವ ಜೆಲ್ ಕೇಳಿ, ಹೊಟ್ಟೆಗೆ ಅಷ್ಟು ತೊಂದರೆ ಇಲ್ಲ.

*ಓದುಗಿ, ಮಂಗಳೂರು*

*

ಅಮ್ಮಾ, ಸ್ರಾವ ಜಾಸ್ತಿ ಅಂತ ಹೋದಾಗ ಯಾರಾದರೂ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಎಲ್ಲ ಕಾಟ ಹೋಗುತ್ತದೆ' ಅಂದರೆ ತಕ್ಷಣ ಹೂಂ ಅನ್ನಬೇಡಿ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ತಾಂಡಾದ ಎಷ್ಟೋ ಹೆಣ್ಣುಮಕ್ಕಳಿಗೆ, ಮೂವತ್ತೂ ದಾಟದವರಿಗೆ ಕೂಡ ಹೀಗೆ ತೆಗೆದು ಹಾಕಿದ್ದು ಹತ್ತು ವರ್ಷದ ಕೆಳಗೆ ದೊಡ್ಡ ಗದ್ದಲವಾಗಿತ್ತು. ನನಗೂ ಅಂಡಾಶಯ ಸಮೇತ ತೆಗೆದರು, ನನಗೆ ಆಗ ಮೂವತ್ತೆಂಟು. ಹಾರ್ಮೋನು ಇಳಿಯುವುದು ನಿಮಗೆ ನಿಧಾನಕ್ಕೆ ಆಗುತ್ತಿದೆ, ನನಗೆ ವಾರದಲ್ಲಿ ಆಯಿತು. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವಳು, ಏಳಲು ಯಾರಾದರೂ ಕೈ ಕೊಡಬೇಕು. ತೆಗೆಯಲೇಬೇಕಾದ ಕಾರಣ ಇರಬಹುದು, ಇದ್ದರೆ ಇನ್ನೊಬ್ಬ ಡಾಕ್ಟರೂ ಅದನ್ನೇ ಹೇಳುತ್ತಾರೆ. ಔಷಧಿಯಲ್ಲಿ ಆಗುತ್ತದಾ ಅಂತ ಕೇಳಿ, ಅಂಡಾಶಯ ಉಳಿಸುತ್ತೀರಾ ಅಂತಲೂ ಬಾಯಿಬಿಟ್ಟು ಕೇಳಿ.

*ಓದುಗಿ, ಕಲಬುರಗಿ ಜಿಲ್ಲೆ*

*

ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ. ನಾನೂ ಒಬ್ಬ ಗಂಡ, ಅದಕ್ಕೇ ಕೇಳುತ್ತಿದ್ದೇನೆ. ಮನೆಯಲ್ಲಿ ಬಟ್ಟೆ ಹಿಂಡುವುದು, ಬಿಂದಿಗೆ ಎತ್ತುವುದು, ಕುಕ್ಕರಿನ ಮುಚ್ಚಳ ತಿರುಗಿಸುವುದು, ಮುದ್ದೆ ತೊಳಸುವುದು ಯಾರು? ಬೆರಳು, ಮಣಿಕಟ್ಟಿಗೆ ಇವುಗಳಿಂದಲೂ ಪೆಟ್ಟು. ಈ ಪುಟವನ್ನು ಅವರ ಕೈಗೆ ಕೊಡಿ. ಓದದಿದ್ದರೆ ಬೆಳಿಗ್ಗೆ ಕಾಫಿ ಅವರೇ ಮಾಡಿಕೊಳ್ಳಲಿ, ಬೆರಳು ಸಡಿಲವಾದ ಮೇಲೆ ನೀವು ಏಳಿ.

*ಓದುಗ, ಮೈಸೂರು*

*

ನಾನು ಗಾರ್ಮೆಂಟ್ಸ್‌ನಲ್ಲಿದ್ದೀನಿ, ಹೊಲಿಗೆಯ ಕಷ್ಟ ಹೊಲಿಯುವವರಿಗೇ ಗೊತ್ತು. ಮೇಲೆ ಹೇಳಿದ್ದೆಲ್ಲ ಸರಿ ಅಕ್ಕ, ಆದರೆ ನಾಳೆ ಬೆಳಿಗ್ಗೆ ಮದುವೆ ಬ್ಲೌಸ್ ಕೊಡಬೇಕಾದರೆ ಏನು ಮಾಡುವುದು? ನಮಗೆ 2025ರಲ್ಲಿ ಸರ್ಕಾರ ತಿಂಗಳಿಗೊಂದು ಮುಟ್ಟಿನ ರಜೆ ಮಾಡಿತು, 52 ವರ್ಷದವರೆಗೆ. ಮುಟ್ಟೇ ಬರದ ತಿಂಗಳು ಕೀಲು ಹಿಡಿದುಕೊಂಡರೆ ಯಾವ ರಜೆ ಹಾಕಬೇಕೋ ಗೊತ್ತಿಲ್ಲ, ನಗು ಬರುತ್ತದೆ. ನಿಮಗಂತೂ ಅದೂ ಇಲ್ಲ.

ಹಾಗಾಗಿ ಕೆಲಸವನ್ನೇ ಸ್ವಲ್ಪ ತಿರುಗಿಸಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಕಟಿಂಗ್ ಇಟ್ಟುಕೊಳ್ಳಬೇಡಿ. ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕೈ ಇಟ್ಟು ಬೆರಳು ಮಡಚಿ ಬಿಡಿಸಿ, ಆಮೇಲೆ ಅಳತೆ ಬರೆಯುವುದು, ದಾರ ಹೊಂದಿಸುವುದು ಮಾಡಿ. ಕತ್ತರಿ ಹನ್ನೊಂದರ ಮೇಲೆ. ಕತ್ತರಿಗೆ ಸಾಣೆ ಹಿಡಿಸಿ, ಮೊಂಡಾದರೆ ಹೆಬ್ಬೆರಳಿಗೆ ಎರಡು ಪಟ್ಟು ಕೆಲಸ. ಅಸ್ತರು, ಬಟ್ಟೆ ಎಲ್ಲ ಒಟ್ಟಿಗೆ ಪದರ ಹಾಕಿ ಕತ್ತರಿಸಬೇಡಿ. ಹುಕ್ಕು, ಹೆಮ್ಮಿಂಗ್ ಓಣಿಯ ಹುಡುಗಿ ಯಾರಿಗಾದರೂ ಪೀಸಿಗಿಷ್ಟು ಅಂತ ಕೊಡಿ, ಅವಳಿಗೂ ಕಾಸಾಗುತ್ತದೆ. ಕಾಲಲ್ಲಿ ತುಳಿಯುವ ಮಿಷನ್ ಆದರೆ ಮೋಟರ್ ಹಾಕಿಸಿ, ಮಂಡಿಗೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಸ್ಟೂಲು ತೀರ ಕುಳ್ಳಗಿದ್ದರೆ ಭುಜ ಮೇಲೆತ್ತಿಕೊಂಡೇ ಹೊಲಿಯುತ್ತೀರಿ, ಮೊಣಕೈ ಮಿಷನ್ನಿನ ಮೇಜಿನ ಮಟ್ಟಕ್ಕೆ ಬರುವ ಹಾಗೆ ಎತ್ತರ ಮಾಡಿ. ಒಂದು ತೋಳು ಮುಗಿಯಿತು ಅಂದರೆ ಎದ್ದು ಬಾಗಿಲವರೆಗೆ ಹೋಗಿ ಬನ್ನಿ. ಮತ್ತೆ ಗೌರಿ ಹಬ್ಬದ ಹಿಂದಿನ ವಾರ ಬಂದು 'ಅರ್ಜೆಂಟ್ ಅಕ್ಕ' ಅನ್ನುವವರಿಗೆ ರೇಟು ಜಾಸ್ತಿ ಹೇಳಿ. ಅರ್ಧ ಜನ ಮುಂದಿನ ಸಲ ಮುಂಚೆಯೇ ತಂದುಕೊಡುತ್ತಾರೆ, ಇನ್ನರ್ಧ ಜನರ ದುಡ್ಡಿನಲ್ಲಿ ಮೋಟರ್ ಬರುತ್ತದೆ.

*ಗಾರ್ಮೆಂಟ್ಸ್ ಕೆಲಸಗಾರ್ತಿ, ರಾಮನಗರ*